ತಿರುಗಬಾರದ ಕಡೆ ತಿರುಗಿದ ಜೀಪು

ನಮ್ಮ ಮಾವ ಹೊರಟ ಊರಿಗೆ ಹೊರಟ ದಾರಿಯಲ್ಲೇ ಹೋಗಿ ಮುಟ್ಟಿದ್ದನ್ನು ಕಣ್ಣಾರೆ ಕಂಡವರು ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ, ಅವರಿಗೆ ನಾನೇ ಎಳನೀರು ಕೆತ್ತಿ ಕೊಡುತ್ತೇನೆ! ಇಷ್ಟು ಧೈರ್ಯವಾಗಿ ಹೇಳಲು ಕಾರಣ, ಅಂಥವರು ಒಬ್ಬರೂ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ಮಾವ ಎಂದರೆ ನನ್ನ ಅವ್ವನ ತಮ್ಮ. ಶೆಟ್ಟಿಕೆರೆಯ ಪಕ್ಕದ ಹಳ್ಳಿ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಹಸು ಕರು ಎಲ್ಲ ಇದ್ದ ಅನುಕೂಲಸ್ಥರೇ. ಮನೆಯಲ್ಲಿ ಮಾವ, ಅತ್ತೆ ಇಬ್ಬರೇ, ಮಕ್ಕಳಿರಲಿಲ್ಲ. ತಿಪಟೂರಿನಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆ ಬಂತೆಂದರೆ ಅವರ ಮನೆಗೇ ಓಡುತ್ತಿದ್ದೆ. ಎಪ್ಪತ್ತರ ದಶಕದ ಮಾತು. ಆಗ ಅವರು ಎಲ್ಲಿಂದಲೋ ಒಂದು ಹಳೆಯ ಮಿಲಿಟರಿ ಜೀಪನ್ನು ಹರಾಜಿನಲ್ಲಿ ಹಿಡಿದು ತಂದರು. ಅದು ಯುದ್ಧ ಕಂಡಿತ್ತೋ ಇಲ್ಲವೋ, ಮಾವನ ಕೈಗೆ ಬಂದ ಮೇಲೆ ಶಾಂತಿಯನ್ನಂತೂ ಕಂಡಿತು. ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಯವನು ಪಕ್ಕಕ್ಕೆ ಸರಿದು, "ಮುಂದಕ್ಕೋಗಿ ಯಜಮಾನ್ರೇ" ಎಂದರೆ ಮಾವ, "ಬ್ಯಾಡ ಕಣಪ್ಪ, ನೀನೇ ನಡಿ. ನಿನ್ ಎತ್ತಿನ ಗೆಜ್ಜೆ ಸದ್ದು ಚೆಂದಾಗೈತೆ" ಎನ್ನುತ್ತಿದ್ದರು. ಜೀಪು ಗಾಡಿಯ ಹಿಂದೆ ಕರುವಿನ ಹಾಗೆ ಹೋಗುತ್ತಿತ್ತು!

ಆ ದಾರಿಯೂ ಹಾಗೇ ಇತ್ತು ಅನ್ನಿ. ಎರಡೂ ಕಡೆ ತೆಂಗಿನ ತೋಟ. ಗರಿಗಳ ನೆರಳು ಬಾನೆಟ್ಟಿನ ಮೇಲೆ ಹತ್ತಿ, ಮಾವನ ಮಡಿಲಿಗಿಳಿದು, ನನ್ನ ಲಂಗದ ಮೇಲೆ ಹಾದು ಹಿಂದಕ್ಕೆ ಹೋಗುತ್ತಿತ್ತು. ಹತ್ತಿದವರಿಗೆಲ್ಲ ಜೊಂಪು. ಮಾವನ ಕಣ್ಣುಗಳು ತೆರೆದೇ ಇರುತ್ತಿದ್ದವು, ಆದರೆ ಅವುಗಳ ಹಿಂದೆ ಮಾವ ಇರುತ್ತಿರಲಿಲ್ಲ. ಎಲ್ಲಿಗೆ ಹೋಗಿರುತ್ತಿದ್ದರೋ! ಆ ಕನಸಿನ ನಡುವೆ ಏನೋ ನೆನಪಾಗಿಬಿಡುತ್ತಿತ್ತು. ಸಸಿಗೆ ಬಿಟ್ಟ ನೀರು ನಿಲ್ಲಿಸಿದೆನೋ ಇಲ್ಲವೋ? ಹಾಲ್ಕುರಿಕೆಯ ನೆಂಟರ ಹತ್ತಿರ ಮಳೆ ಬೆಳೆಯ ವಿಷಯವೆಲ್ಲ ಮಾತಾಡಿ, ಹೇಳಬೇಕಾದ್ದನ್ನೇ ಹೇಳದೆ ಬಂದೆನೋ? ನೆನಪಾದದ್ದೇ ತಡ, ಸ್ಟೇರಿಂಗು ಪೂರ್ತಿ ಒಂದು ಕಡೆಗೆ ಎಳೆದುಬಿಡುತ್ತಿದ್ದರು. ಕೈ ತೋರಿಸುವುದು, ಹಾರನ್ ಹೊಡೆಯುವುದು, ಹಿಂದೆ ನೋಡುವುದು ಇವೆಲ್ಲ ಅವಸರದ ಜನ ಮಾಡುವ ಕೆಲಸಗಳು ಎಂದು ಅವರ ನಂಬಿಕೆ.

ತಿಪಟೂರಿನ ಬಸ್ಸಿನ ಡ್ರೈವರು ಮಾವನ ಜೀಪು ಕಂಡ ಕೂಡಲೇ ಬಸ್ಸನ್ನೇ ನಿಲ್ಲಿಸಿಬಿಡುತ್ತಿದ್ದ. ಕಿಟಕಿಯಿಂದ ಕತ್ತು ಚಾಚಿ, "ಯಾವ ಕಡೀಕೆ ಯಜಮಾನ್ರೇ?" ಎಂದು ಕೇಳಿಯೇ ಮುಂದಕ್ಕೆ ಹೋಗುವುದು.

"ಇನ್ನೂ ತೀರ್ಮಾನ ಮಾಡಿಲ್ಲ ಕಣಪ್ಪ. ನೀನ್ ಹೋಗಿ ಬಾ."

ನಾನೊಮ್ಮೆ ಬಿ.ಎ. ಓದುವ ಗತ್ತಿನಲ್ಲಿ ಉಪದೇಶಕ್ಕೆ ಹೊರಟೆ. "ಮಾವ, ರಸ್ತೆ ಮಧ್ಯೆ ಹಿಂಗೆಲ್ಲ ತಿರುಗಿಸಬಾರದು. ಕಾನೂನಿದೆ."

"ಯಾಕವ್ವ? ರಸ್ತೆಗೆ ಮುಖ ಯಾವ್ದು, ಬೆನ್ನು ಯಾವ್ದು? ಈ ಕಡೀಗೂ ಊರವೆ, ಆ ಕಡೀಗೂ ಊರವೆ. ಎಲ್ಲಾ ಕಡೀಗೂ ನೆಂಟರವ್ರೆ!"

ಏನು ಹೇಳುತ್ತೀರಿ ಇದಕ್ಕೆ?

ಈ ತತ್ವದ ಪೂರ್ಣ ಫಲ ಉಂಡವಳು ನಾನೇ. ನನ್ನನ್ನು ನೋಡಲು ತುರುವೇಕೆರೆ ಕಡೆಯಿಂದ ಗಂಡಿನವರು ಬರಬೇಕಿತ್ತು. ಅವರನ್ನು ಕರೆತರುವ ಹೊಣೆ ಮಾವನದು. ಗಂಡು, ಗಂಡಿನ ತಂದೆ, ದೊಡ್ಡಪ್ಪ, ಎಲ್ಲರೂ ಜೀಪು ಹತ್ತಿದರು. ನಡುದಾರಿಯಲ್ಲಿ ಮಾವನ ಸ್ನೇಹಿತರ ತೋಟ ಸಿಕ್ಕಿತು. ಎಳನೀರು, ಅದರೊಳಗಿನ ಗಂಜಿ, ಬೆಲ್ಲ, ಮೇಲೆ ಊಟವೂ ಆಯಿತು. ಹಿರಿಯರಿಗೆ ಬಿಸಿಲು ತಾಗಬಾರದೆಂದು ಮಾವ ಜೀಪನ್ನು ತಿರುಗಿಸಿ ಮರದ ನೆರಳಿಗೆ ನಿಲ್ಲಿಸಿದರು. ಎಂಥ ಉಪಚಾರ ನೋಡಿ! ಉಂಡವರೆಲ್ಲ ಜೀಪಿನಲ್ಲೇ ಕೂತು ನಿದ್ದೆ ಹೋದರು. ಮಾವ ಬಂದು ಕೂತು, ಜೀಪಿನ ಮುಖ ಎತ್ತ ಇತ್ತೋ ಅತ್ತಲೇ ಹೊರಟರು. ಗಂಡಿನ ದೊಡ್ಡಪ್ಪ ಕಣ್ಣು ಬಿಟ್ಟಾಗ ಎದುರಿಗೆ ಅವರದೇ ಮನೆಯ ಜಗಲಿ. ಜಗಲಿಯ ಮೇಲೆ ಅವರದೇ ಹೆಂಡತಿ. "ಹುಡುಗಿ ಹೆಂಗವ್ಳೆ?" ಎಂದು ಆಕೆ ಕೇಳಿದರಂತೆ!

ದೇವರಿಗೇ ಇಷ್ಟವಿಲ್ಲ ಎಂದು ಅವರು ಸಂಬಂಧ ಕೈಬಿಟ್ಟರು. ಅವ್ವ ಎರಡು ದಿನ ಮಾವನ ಹತ್ತಿರ ಮಾತು ಬಿಟ್ಟಳು. ನಾನು ಮಾತ್ರ ಒಳಗೇ ಕೈಮುಗಿದೆ. ಆ ಗಂಡಿನ ಫೋಟೋ ನಾನು ನೋಡಿದ್ದೆ.

ಇಂಥವರು ಬೆಂಗಳೂರಿನಲ್ಲಿ ಜೀಪು ಓಡಿಸಿದರೆ ಹೇಗಿರುತ್ತದೆ? ಓಡಿಸಲೇಬೇಕಾದ ಕಾಲ ಬಂತು.

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬೆಳೆದಿತ್ತು. ವರ್ಷಗಳಿಂದ ಬೆಳೆಯುತ್ತಲೇ ಇತ್ತು. ಅತ್ತೆಯ ಸ್ವಭಾವವೋ, ಯಾರಿಗೂ ಯಾವುದಕ್ಕೂ ಇಲ್ಲ ಎಂದು ಹೇಳಿದವರಲ್ಲ. ಕಂಬಕ್ಕೆ ಹಣೆ ತಾಗಿಸಿಕೊಂಡು ಊದಿಸಿಕೊಂಡರೂ "ಕಾಣ್ತದೆ, ಕಾಣ್ತದೆ" ಎನ್ನುವುದು! ಒಲೆಯನ್ನು ಕಾವಿನಿಂದ, ಮನೆಯವರನ್ನು ಹೆಜ್ಜೆ ಸದ್ದಿನಿಂದ ಗುರುತು ಹಿಡಿಯುತ್ತಿದ್ದರು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಪೊರೆ ತೆಗೆಸಿದ್ದಾಯಿತು. ತುಂಬ ತಡವಾಗಿ ಬಂದಿದ್ದೀರಿ, ಎಷ್ಟರ ಮಟ್ಟಿಗೆ ಕಾಣುತ್ತದೋ ಕನ್ನಡಕ ಹಾಕಿದ ಮೇಲೇ ಹೇಳಬೇಕು ಎಂದಿದ್ದರು ಡಾಕ್ಟರು. ಕಣ್ಣಿನ ಗಾಯ ಮಾಗಿದ ಮೇಲೆ ಆ ಕನ್ನಡಕಕ್ಕಾಗಿ ನಾವು ಮೂವರೂ ಜೀಪಿನಲ್ಲಿ ಹೊರಟೆವು. ಅತ್ತೆಯನ್ನು ಹಿಡಿದು ನಡೆಸಲು ನಾನು. ಆಶ್ಚರ್ಯವೆಂದರೆ ಮಾವ ದಾರಿಯುದ್ದಕ್ಕೂ ಒಮ್ಮೆಯೂ ಜೀಪು ತಿರುಗಿಸಲಿಲ್ಲ.

ಆಸ್ಪತ್ರೆಯಲ್ಲಿ ಸೋಡಾಬುಡ್ಡಿಯಂಥ ದಪ್ಪ ಕನ್ನಡಕ ಏರಿಸಿ ಡಾಕ್ಟರು, "ಕಾಣುತ್ತೇನಮ್ಮಾ?" ಎಂದರು. "ಕಾಣ್ತದೆ ಸ್ವಾಮಿ" ಎಂದರು ಅತ್ತೆ. ಡಾಕ್ಟರಿಗೆ ಖುಷಿಯಾಯಿತು. ಮಾವನಿಗೆ ಆಗಲಿಲ್ಲ.

ಹೊರಗೆ ಬಂದು ಕೇಳಿದರು: "ಅಲ್ಲೋಯ್ತಿರೋದೇನೇ?"

"ಬಸ್ಸು."

"ಸದ್ದು ಕೇಳಿ ಹೇಳಿದ್ಯಾ?"

"ಕಾಣ್ತದೆ ಕಣ್ರೀ, ನಡೀರಿ."

ಜೀಪು ಹೊರಟಿತು. ಮಾವನ ಪಕ್ಕದಲ್ಲಿ ಅತ್ತೆ, ಹಿಂದಿನ ಸೀಟಿನಲ್ಲಿ ನಾನು. ಅಗಲವಾದ ರಸ್ತೆ, ಏಪ್ರಿಲ್ಲಿನ ಬಿಸಿಲು, ಎರಡೂ ಬದಿಗೆ ಸಾಲುಮರ. ಇಂಜಿನ್ನಿನ ಗಲಾಟೆಯಲ್ಲಿ ಅತ್ತೆ ಏನೋ ಅಂದರು, ನನಗೆ ಕೇಳಿಸಲಿಲ್ಲ. ಮರುಕ್ಷಣವೇ ಆ ನಟ್ಟನಡು ರಸ್ತೆಯಲ್ಲಿ ಮಾವ ಸ್ಟೇರಿಂಗು ಎಳೆದರು! ಹಿಂದಿದ್ದ ಬಸ್ಸು ಕಿರುಚಿತು. ಆಟೋದವನು ನಮ್ಮ ವಂಶವನ್ನೆಲ್ಲ ನೆನೆದ. ಸೀಟಿ ಊದುತ್ತ ಪೊಲೀಸಿನವರು ಓಡಿ ಬಂದರು.

"ಏನ್ರೀ, ಇಲ್ಲಿ ತಿರುಗಿಸಬಾರದು ಅಂತ ಬೋರ್ಡ್ ಹಾಕಿರೋದು ಕಾಣಲ್ವಾ?"

"ಕಾಣ್ತು ಕಣಪ್ಪ. ತಿರುಗಿಸಿದ ಬಾಣನೇ ಬರ್ದಿದ್ರಲ್ಲ? ಇಲ್ಲೇ ತಿರುಗಿಸ್ಬೇಕು ಅಂದ್ಕಂಡೆ."

"ಅದರ ಮೇಲೆ ಗೀಟು ಎಳೆದಿದೆಯಲ್ರೀ!"

"ಯಾರೋ ಐಕ್ಳು ಗೀಚವ್ರೆ ಅಂದ್ಕಂಡೆ."

ಪೊಲೀಸಿನವರು ನಗಬಾರದೆಂದು ಮೀಸೆ ಕಚ್ಚಿಕೊಂಡರು. ಆದರೆ ಅವತ್ತು ಹತ್ತಿರದಲ್ಲೇ ಮೊಬೈಲ್ ಕೋರ್ಟು ನಿಂತಿತ್ತು. ನಮ್ಮನ್ನು ಅಲ್ಲಿಗೇ ಕರೆದೊಯ್ದರು. ಕೋರ್ಟು ಎಂದರೆ ಒಂದು ವ್ಯಾನು! ಒಳಗೆ ಮೇಜು, ಮೇಜಿನ ಹಿಂದೆ ಮ್ಯಾಜಿಸ್ಟ್ರೇಟರು. ಹೊರಗೆ ಸಾಲಿನಲ್ಲಿ ಒಂದೇ ಸೈಕಲ್ಲಿನಲ್ಲಿ ಇಬ್ಬರಾಗಿ ಡಬಲ್ಸ್ ಬಂದ ಕಾಲೇಜು ಹುಡುಗರು, ಒಬ್ಬ ಲಾರಿ ಡ್ರೈವರು, ಅವರ ಹಿಂದೆ ನಮ್ಮ ಮಾವ. ಮಾವ ವ್ಯಾನಿನ ಗಾಲಿಗಳನ್ನೇ ನೋಡುತ್ತ ಕನಸು ಕಾಣುವವರಂತೆ ನಿಂತಿದ್ದರು.

"ಯಾಕೆ ತಿರುಗಿಸಿದಿರಿ? ಏನಾದರೂ ಕಾರಣ ಇತ್ತೇ?" ಮ್ಯಾಜಿಸ್ಟ್ರೇಟರು ಕೇಳಿದರು.

ಮಾವ ಜೀಪಿನ ಕಡೆ ನೋಡಿದರು. ಅತ್ತೆ ಗಾಬರಿಯಿಂದ ಸೆರಗು ಹಿಡಿದು ಕೂತಿದ್ದರು.

"ಅಭ್ಯಾಸ, ಸ್ವಾಮಿ."

"ತಪ್ಪು ಒಪ್ಪಿಕೊಳ್ಳುತ್ತೀರಾ?"

"ಒಪ್ಕಂಡೆ. ಆದ್ರೂ ಒಂದ್ಮಾತು. ನಿಮ್ ಕೋರ್ಟೇ ಗಾಲಿ ಕಟ್ಕಂಡು ಊರೆಲ್ಲ ತಿರುಗ್ತದೆ. ನಾನು ಒಂದ್ಸಲ ತಿರುಗಿದ್ದು ತೆಪ್ಪಾ?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಮ್ಯಾಜಿಸ್ಟ್ರೇಟರು ಕಾಗದದಲ್ಲಿ ಮುಖ ಮರೆಸಿಕೊಂಡು, "ದಂಡ ಕಟ್ಟಿ. ಇಲ್ಲದಿದ್ದರೆ ಇವತ್ತಿನ ಕೆಲಸ ಮುಗಿದು ಕೋರ್ಟು ಏಳುವ ತನಕ ಇಲ್ಲೇ ಕೂತಿರಬೇಕು" ಎಂದರು.

"ಕೋರ್ಟು ಎದ್ದು ಯಾವ ಕಡೀಕೋಯ್ತದೆ ಸ್ವಾಮಿ? ತುಮಕೂರು ಕಡೀಕಾದ್ರೆ ನಾವೂ ಜತೇಲೇ ಬತ್ತೀವಿ."

"ದಂಡ ಕಟ್ಟಿಸಿಕೊಂಡು ಮೊದಲು ಇವರನ್ನು ಕಳಿಸ್ರಪ್ಪಾ!" ಎಂದರು ಮ್ಯಾಜಿಸ್ಟ್ರೇಟರು.

ದಂಡ ಕಟ್ಟಿದ್ದಾಯಿತು. ಆಮೇಲೆ ಮಾವ ಸುಮ್ಮನೆ ಊರಿನ ದಾರಿ ಹಿಡಿಯಬೇಕೋ ಬೇಡವೋ? ಅದೇ ಪೊಲೀಸಿನವರ ಹತ್ತಿರ ಹೋಗಿ, "ಅಪ್ಪಾ, ಆ ಕಡೀಕೆ ಹೋಗ್ಬೇಕಾದ್ರೆ ಕಾನೂನು ಪ್ರಕಾರ ಹೆಂಗ್ ಹೋಗ್ಬೇಕು?" ಎಂದು ವಿಚಾರಿಸಿದರು. ಮುಂದೆ ಸರ್ಕಲ್ ಸುತ್ತಿ ಬನ್ನಿ ಎಂದರು ಅವರು. ಮಾವ ಕೈ ತೋರಿಸುತ್ತ, ಹಾರನ್ ಹೊಡೆಯುತ್ತ, ತಮ್ಮ ಜನ್ಮದಲ್ಲೇ ಮೊದಲ ಸಲ ಕಾನೂನುಬದ್ಧವಾಗಿ ಒಂದು ಸುತ್ತು ಹೊಡೆದರು. ನನಗೆ ರೇಗಿತು. "ಮತ್ತೆ ಹಿಂದಕ್ಕೆ ಯಾಕೆ ಮಾವ? ಸಾಲದಾಯ್ತಾ?" ಎಂದೆ.

ರಸ್ತೆಯ ಬದಿಗೆ ಒಂದು ಮರದ ಕೆಳಗೆ ಜೀಪು ನಿಂತಿತು. ಮರದಲ್ಲಿ ಎಲೆಯೇ ಇಲ್ಲವೇನೋ ಎಂಬಂತೆ ಮೇಲಿಂದ ಕೆಳಗಿನವರೆಗೆ ಹೂವು. ನೆಲದ ಮೇಲೂ ಹೂವು.

"ಈಗ ಹೇಳು. ಆಗ ಏನಂದೆ?" ಮಾವ ಅತ್ತೆಯ ಕಡೆ ತಿರುಗಿ ಕೇಳಿದರು.

"ಅಯ್ಯೋ, ಇದಕ್ಕಾ ಜೀಪ್ ತಿರುಗಿಸಿದ್ದು? ಆ ಮರ ಎಷ್ಟ್ ಕೆಂಪಗೈತೆ ಅಂದೆ, ಅಷ್ಟೇಯ."

ಮಾವ ನನ್ನತ್ತ ತಿರುಗಿದರು. "ಕೆಂಪು ಸದ್ದು ಮಾಡಲ್ಲ ಅಲ್ವೇನವ್ವ?" ಎಂದರು. ನಾನು ತಲೆಯಾಡಿಸಿದೆ.

ಅತ್ತೆ ಕೆಳಗಿಳಿದರು. ನಾನು ಕೈ ನೀಡಿದರೂ ಹಿಡಿಯಲಿಲ್ಲ. ತಾವೇ ಬಗ್ಗಿ ಒಂದು ಎಸಳು ಎತ್ತಿಕೊಂಡು, ಕನ್ನಡಕದ ಹತ್ತಿರ ತಂದು ಅದರೊಳಗಿನ ಗೆರೆಗಳನ್ನು ನೋಡಿದರು. ಮಾವ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಳ್ಳುತ್ತಿದ್ದರು. ಬೆವರು ಒರೆಸಿಕೊಂಡರೋ ಇನ್ನೇನು ಒರೆಸಿಕೊಂಡರೋ ನಾನು ನೋಡಲು ಹೋಗಲಿಲ್ಲ. ಅತ್ತೆ ತಲೆಯೆತ್ತಿದವರು ಎಸಳನ್ನು ಮರೆತು ಅವರನ್ನೇ ನೋಡುತ್ತ ನಿಂತುಬಿಟ್ಟರು.

"ಇದೇನ್ರೀ... ನಿಮ್ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತು?"

"ನೀನು ನೋಡ್ದೇ ಇದ್ದಾಗ ಕಣೇ" ಎಂದರು ಮಾವ.

ಮತ್ತೆ ಟವೆಲ್ ಸುತ್ತಿಕೊಳ್ಳಲು ಹೋದರು. ಅತ್ತೆ ಬಿಡಲಿಲ್ಲ.