ಮೈನರ್ ಸೋಲ್ಜರ್

ಕೊಡಗು ಒಂದು ಕಾಲದಲ್ಲಿ ಪ್ರತ್ಯೇಕ ರಾಜ್ಯವಾಗಿತ್ತು ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಆ ಇಡೀ ರಾಜ್ಯದಲ್ಲಿ ನಮ್ಮ ಚಿಕ್ಕಪ್ಪನಷ್ಟು ದಡ್ಡ ಮನುಷ್ಯ ಇನ್ನೊಬ್ಬ ಇರಲಿಲ್ಲ ಎಂದರೆ ಮಾತ್ರ ತಕ್ಷಣ ನಂಬಿ, ‘ಆಮೇಲೆ?’ ಎಂದು ಮುಂದಕ್ಕೆ ಸರಿದು ಕೂರುತ್ತಾರೆ. ತಪ್ಪು ಅವರದಲ್ಲ. ಚಿಕ್ಕಪ್ಪನ ದಡ್ಡತನಕ್ಕೆ ಉಪ್ಪು ಖಾರ ಹಚ್ಚಿ ಐವತ್ತು ವರ್ಷ ಊರಿಗೆಲ್ಲ ಬಡಿಸಿದವಳು ನಾನೇ.

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದ ಮನೆ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಅವ್ವ ಇಬ್ಬರೂ ಜ್ವರದಲ್ಲಿ ಹೋಗಿಬಿಟ್ಟರಂತೆ. ಸಾಕಿದವರು ಅಜ್ಜಿ ಮತ್ತು ಚಿಕ್ಕಪ್ಪ. ಚಿಕ್ಕಪ್ಪನಿಗೆ ಮದುವೆಯಾಗಿರಲಿಲ್ಲ. ಅಜ್ಜಿ ಪ್ರಯತ್ನ ಮಾಡಲಿಲ್ಲವೆಂದಲ್ಲ! ಹೆಣ್ಣು ನೋಡಲು ಕಳಿಸಿದರೆ ಈ ಮಹಾನುಭಾವ ಆ ಮನೆಯ ಕೊಟ್ಟಿಗೆ ನೋಡಿಕೊಂಡು ಬರುತ್ತಿದ್ದ. ‘ಹುಡುಗಿ ಹೆಂಗವ್ಳೋ?’ ಎಂದು ಅಜ್ಜಿ ಕೇಳಿದರೆ, ‘ಕೆಂದ ಹಸ ಚೆನ್ನಾಗದೆ ಕಣವ್ವ, ಎರಡನೇ ಸೂಲು’ ಎನ್ನುತ್ತಿದ್ದ. ಹೀಗೆ ಮೂರು ಮನೆಗೆ ಹೋಗಿ ಮೂರು ಹಸು ಹೊಡೆದುಕೊಂಡು ಬಂದ. ನಾಲ್ಕನೆಯದಕ್ಕೆ ಅಜ್ಜಿ ಕಳಿಸಲಿಲ್ಲ. ಕೊಟ್ಟಿಗೆಯಲ್ಲಿ ಜಾಗವಿರಲಿಲ್ಲ.

ಆ ಹಸುಗಳ ಹಾಲು ಸುಂಟಿಕೊಪ್ಪದ ದಾರಿಯಲ್ಲಿದ್ದ ಒಂದು ಕಾಫಿ ಎಸ್ಟೇಟಿನ ಬಂಗಲೆಗೆ ಹೋಗುತ್ತಿತ್ತು. ದೊರೆ ತೀರಿಕೊಂಡ ಮೇಲೂ ತನ್ನ ದೇಶಕ್ಕೆ ಹೋಗದೆ ಉಳಿದಿದ್ದ ದೊರೆಸಾನಿ ಅಲ್ಲಿದ್ದರು. ಸೀಮೆಯಿಂದ ತಂದ ಗಡ್ಡದ ನಾಯಿಗಳನ್ನು ಸಾಕಿ, ಮರಿ ಮಾಡಿಸಿ, ತಮಗೆ ಒಪ್ಪಿಗೆಯಾದ ಮನೆಗಳಿಗೆ ಕೊಡುವುದು ಅವರ ಹುಚ್ಚು. ಅದೇ ವರ್ಷ ನಮ್ಮ ಗದ್ದೆಗೆ ಕಾಡುಹಂದಿ ಕಾಟ ಹೆಚ್ಚಿ ಅಜ್ಜಿ, ‘ಹಂದಿ ಓಡ್ಸೋವಂಥ ದೊಡ್ಡ ನಾಯಿ ಒಂದು ತಂದು ಕಟ್ಲಾ’ ಎಂದು ಚಿಕ್ಕಪ್ಪನ ಪ್ರಾಣ ತಿನ್ನುತ್ತಿದ್ದಳು. ನಾನು ಮಡಿಕೇರಿಯ ಹಾಸ್ಟೆಲಿನಿಂದ ರಜೆಗೆ ಬಂದಿದ್ದೆ. ಆಗ ನಾಲ್ಕನೇ ಫಾರಂ, ಈಗಿನ ಒಂಬತ್ತನೇ ಕ್ಲಾಸು. ಇಂಗ್ಲಿಷ್ ಅಂದರೆ ನಾನು, ನಾನು ಅಂದರೆ ಇಂಗ್ಲಿಷ್ ಎಂಬ ಕೊಬ್ಬು.

‘ಸೀಮೆ ನಾಯಿ ವ್ಯವಹಾರ ಸೀಮೆ ಭಾಷೇಲೇ ಆಗ್ಬೇಕು. ನೀನೂ ಬಾ ಮಗ’ ಎಂದ ಚಿಕ್ಕಪ್ಪ.

ದೊರೆಸಾನಿಗೆ ಎಸ್ಟೇಟಿನ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಹಾಲು ನೀರಾದ ಬಗ್ಗೆ ಇವರಿಬ್ಬರೂ ವರ್ಷಗಟ್ಟಲೆ ಕನ್ನಡದಲ್ಲೇ ಜಗಳವಾಡಿದ್ದರು! ಮತ್ತೆ ನಾನೇಕೆ? ನನ್ನನ್ನು ಮೆರೆಸಲಿಕ್ಕೆ. ಅಷ್ಟೂ ಆಗ ನನಗೆ ಹೊಳೆಯಲಿಲ್ಲ.

ಬಂಗಲೆಯ ವರಾಂಡದಲ್ಲಿ ನಮ್ಮನ್ನು ಬೆತ್ತದ ಕುರ್ಚಿಯ ಮೇಲೆ ಕೂರಿಸಿ ದೊರೆಸಾನಿ ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ ಪ್ರಶ್ನೆ ಶುರುಮಾಡಿದರು. ಮನೆಯಲ್ಲಿ ಎಷ್ಟು ಜನ? ಯಾರಾದರೂ ಕುಡಿಯುತ್ತಾರೆಯೇ? ಕೋಪ ಬಂದರೆ ಕೈ ಮಾಡುತ್ತೀರಾ? ಮಳೆಗಾಲದಲ್ಲಿ ಎಲ್ಲಿ ಮಲಗಿಸುತ್ತೀರಿ? ಒಂಟಿಯಾಗಿ ಬಿಟ್ಟು ಹೋಗುತ್ತೀರಾ? ನಾನು ಕನ್ನಡ ಮಾಡಿದಂತೆಲ್ಲ ಚಿಕ್ಕಪ್ಪ ಬೆವರಿದ. ಕೊನೆಗೆ ಅವರು, ‘ನಿಮ್ಮ ಮನೆ ಇದಕ್ಕೆ ಒಗ್ಗದಿದ್ದರೆ ಯಾವತ್ತಾದರೂ ವಾಪಸ್ ತನ್ನಿ, ನಾನು ಬೇಡ ಅನ್ನುವುದಿಲ್ಲ’ ಎಂದರು.

ಚಿಕ್ಕಪ್ಪ ನನ್ನ ಕಿವಿಯಲ್ಲಿ, ‘ನಮ್ಮೋರು ಹೆಣ್ಣು ಕೊಡೋವಾಗ್ಲೂ ಇಷ್ಟು ಕೇಳಲ್ವಲ್ಲೇ!’ ಎಂದ.

ಮರಿಯನ್ನು ಅವನ ಮಡಿಲಿಗೆ ಹಾಕುತ್ತ ದೊರೆಸಾನಿ ಅದರ ಜಾತಿ ಹೇಳಿದರು. ‘ಮಿನಿಯೇಚರ್ ಶ್ನೌಜರ್.’

‘ಏನಂದ್ರು ಮಗ?’

ಆ ಎರಡೂ ಪದಗಳನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಗೊತ್ತಿಲ್ಲ ಎನ್ನುವುದುಂಟೆ? ಅಪ್ಪನ ಗದ್ದೆ ನನ್ನ ಹೆಸರಿಗಿದ್ದ ಕಂದಾಯದ ಕಾಗದದಲ್ಲಿ ನನ್ನ ಹೆಸರಿನ ಮುಂದೆ ‘ಮೈನರ್’ ಎಂದು ಬರೆದಿತ್ತು. ಅದು ನೆನಪಾಯಿತು. ಇನ್ನು ಕೊಡಗಿನಲ್ಲಿ ಹುಟ್ಟಿದ ಕಿವಿಗೆ ಶ್ನೌಜರ್ ಎಂಬುದು ಬೇರೇನು ಕೇಳಿಸೀತು?

‘ಮೈನರ್ ಸೋಲ್ಜರ್ ಅಂತೆ ಚಿಕ್ಕಪ್ಪ’ ಎಂದೆ, ಗಟ್ಟಿಯಾಗಿ.

ಚಿಕ್ಕಪ್ಪನ ಮುಖ ಅರಳಿತು. ‘ಮೈನರ್ರಾ! ಹಂಗಾದ್ರೆ ಮುಂದೆ ಮೇಜರ್ ಆಯ್ತದೆ ಅನ್ನು!’ ಹೇಳಿಕೇಳಿ ಕೊಡಗು. ಕಲ್ಲು ಎಸೆದರೆ ಯಾವುದಾದರೊಂದು ಮೇಜರ್ ಮನೆಯ ಹೆಂಚಿಗೇ ಬೀಳುವ ನಾಡು. ಇಲ್ಲಿ ಸೋಲ್ಜರ್ ಆದವನು ಮೇಜರ್ ಆಗದೆ ಇರುತ್ತಾನೆಯೇ? ತಾಯಿ ನಾಯಿ ಅಲ್ಲೇ ಮೊಣಕಾಲುದ್ದ ನಿಂತಿತ್ತು. ಅದನ್ನು ತೋರಿಸಿ ನಾನೇ ಅನುಮಾನಪಟ್ಟೆ. ‘ಹೆಂಗಸಲ್ವಾ, ದಂಡಿಗೆ ಸೇರಿಲ್ಲ’ ಎಂದುಬಿಟ್ಟ.

ಮನೆಗೆ ಬಂದೆವು. ಬಾಗಿಲಲ್ಲಿ ಮರಿಯನ್ನು ಇಳಿಸಿದೆವು. ಬೂದು ಬಣ್ಣ, ಪೊದೆ ಹುಬ್ಬು, ಇಳಿಬಿದ್ದ ಮೀಸೆ, ಗಡ್ಡ. ಒಲೆಯ ಮುಂದಿನಿಂದ ತಿರುಗಿ ನೋಡಿದ ಅಜ್ಜಿ ‘ಅಯ್ಯಯ್ಯೋ!’ ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಸರಿದು ನಿಂತಳು.

‘ನಮ್ ಮಾವನೋರು ಕಣೋ!’

ಅಜ್ಜಿಯ ಮಾವ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಅಂದಿನಿಂದ ಅಜ್ಜಿ ಅದನ್ನು ನಾಯಿ ಎಂದು ಕರೆದವಳಲ್ಲ. ‘ಅವರಿಗೆ ಅನ್ನ ಹಾಕಿದ್ಯಾ?’ ‘ಅವರು ಜಗಲಿ ಮೇಲೆ ಮಲಗವ್ರೆ, ತುಳಿಬೇಡ.’ ಚಿಕ್ಕಪ್ಪನೂ ನಾನೂ ‘ಮೈನರ್’ ಎಂದು ಕರೆಯುತ್ತಿದ್ದೆವು. ನಾಯಿಯೇ ಪಾಪ, ಎರಡಕ್ಕೂ ಬಾಲ ಅಲ್ಲಾಡಿಸುತ್ತಿತ್ತು.

ಮೇಜರ್ ಆಗುವವನಿಗೆ ತಕ್ಕ ಮನೆ ಬೇಡವೇ? ಚಿಕ್ಕಪ್ಪ ಬಡಗಿಯನ್ನು ಕರೆಸಿ ಎದೆಯೆತ್ತರದ ಗೂಡು ಮಾಡಿಸಿದ. ಬಡಗಿ ಅಳತೆ ಹಿಡಿದು, ‘ಕರು ಕಟ್ಟಕಾ ಗೌಡ್ರೇ?’ ಎಂದು ಕೇಳಿದ. ‘ಮುಂದಾಲೋಚನೆ ಮಾಡ್ಬೇಕಪ್ಪ’ ಎಂದ ಚಿಕ್ಕಪ್ಪ. ಆ ಗೂಡಿನ ಒಂದು ಮೂಲೆಯಲ್ಲಿ ಮೈನರ್ ಮಲಗಿದರೆ ಉಳಿದ ಜಾಗದಲ್ಲಿ ಎಂಟು ಕೋಳಿಗಳು ಸಂಸಾರ ಹೂಡಿದವು.

ಹಂದಿ ಬೇಟೆಯನ್ನೂ ಹೇಳಿಬಿಡುತ್ತೇನೆ. ಒಂದು ಸಂಜೆ ಗದ್ದೆಯ ಬದುವಿನಲ್ಲಿ ಹಂದಿ ಕಾಣಿಸಿತು. ನಮ್ಮ ಸೋಲ್ಜರ್ ಒಂದೇ ನೆಗೆತಕ್ಕೆ ಚಿಕ್ಕಪ್ಪನ ತೋಳು ಹತ್ತಿ, ಹೆಗಲ ಮೇಲೆ ಕೂತು, ಅಲ್ಲಿಂದ ಪ್ರಪಂಚ ಒಡೆಯುವ ಹಾಗೆ ಬೊಗಳಿತು. ಪಕ್ಕದ ಗದ್ದೆಯವರು ಬಿದ್ದು ಬಿದ್ದು ನಕ್ಕರು. ಚಿಕ್ಕಪ್ಪ ಗಂಭೀರವಾಗಿ, ‘ಎತ್ತರದಿಂದ ಬೊಗಳಿದ್ರೆ ದೂರಕ್ಕೆ ಕೇಳಿಸ್ತದೆ’ ಎಂದ.

ನಾನು ರಜೆಗೆ ಬಂದಾಗಲೆಲ್ಲ ಒಂದು ಶಾಸ್ತ್ರ ನಡೆಯುತ್ತಿತ್ತು. ಅಡುಗೆಮನೆಯ ಬಾಗಿಲ ಕಂಬಕ್ಕೆ ನನ್ನನ್ನು ನಿಲ್ಲಿಸಿ, ತಲೆಯ ಮೇಲೆ ಕಡ್ಡಿ ಅಡ್ಡ ಇಟ್ಟು, ಚಿಕ್ಕಪ್ಪ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದ. ಆಮೇಲೆ ಮೈನರ್ ಸರದಿ. ನನ್ನ ಗೆರೆಗಳು ಮೇಲೆ ಮೇಲೆ ಹತ್ತಿದವು. ಮೈನರ್ ಗೆರೆಗಳು ಮಾತ್ರ ಒಂದರ ಮೇಲೊಂದು ಬಿದ್ದು ಹೆಬ್ಬೆರಳು ದಪ್ಪದ ಒಂದೇ ಗೆರೆಯಾಯಿತು. ‘ಈ ಸಲಾನೂ ಅಷ್ಟೇ ಅವನೆ. ಆಗ್ಲಿ, ಕಾಯನ’ ಎನ್ನುತ್ತಿದ್ದ.

ನಾನು ಈ ಕಥೆಯನ್ನು ಹಾಸ್ಟೆಲಿನಲ್ಲಿ ಚಿಕ್ಕಪ್ಪನ ದನಿಯಲ್ಲೇ ಹೇಳಿ ಹುಡುಗಿಯರನ್ನು ಉರುಳಾಡಿಸಿ ನಗಿಸುತ್ತಿದ್ದೆ. ಐದನೇ ಫಾರಮ್ಮಿನಲ್ಲಿ ಟೀಚರ್ ಒಬ್ಬರು ಬೆರಳುದ್ದದ ಚಿತ್ರ ತೋರಿಸಿ ಮಿನಿಯೇಚರ್ ಎಂದರೆ ಪುಟ್ಟ ಗಾತ್ರದ್ದು ಎಂದು ಹೇಳಿದ ಮೇಲೂ ಕಥೆ ನಿಲ್ಲಿಸಲಿಲ್ಲ. ಒಂದು ತಿದ್ದುಪಡಿ ಮಾಡಿಕೊಂಡೆ. ತಪ್ಪಾಗಿ ಕೇಳಿಸಿಕೊಂಡವನು ಚಿಕ್ಕಪ್ಪ ಎಂದು ಸೇರಿಸಿದೆ. ಎಂಥ ಹುಡುಗಿ ನೋಡಿ ನಾನು!

ಅಷ್ಟರಲ್ಲಿ ನನಗೆ ಗಂಡು ಬರತೊಡಗಿದವು. ಹದಿನೈದು ತುಂಬಿದ್ದೇ ಅಜ್ಜಿಗೆ ನಿದ್ದೆಯಿಲ್ಲ. ನನಗೋ ಎಸ್ಸೆಸ್ಸೆಲ್ಸಿ ಮುಗಿಸಿ ಟೀಚರ್ ಆಗುವ ಆಸೆ. ಅದನ್ನು ಅಜ್ಜಿಯ ಮುಂದೆ ಹೇಳುವ ಧೈರ್ಯವಿಲ್ಲದೆ ಚಿಕ್ಕಪ್ಪನಿಗೊಬ್ಬನಿಗೇ ಹೇಳಿದ್ದೆ. ಮೊದಲ ಸಂಬಂಧ ಬಂದ ದಿನ ಚಿಕ್ಕಪ್ಪ ಮೈನರನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ:

‘ಅವ್ವಾ, ಈ ಮನೇಲಿ ಇಬ್ರು ಮೈನರ್ ಅವ್ರೆ. ಮೊದ್ಲು ತಾತ ಮೇಜರ್ ಆಗ್ಲಿ. ಹಿರೀಕರನ್ನ ಹಿಂದೆ ಹಾಕಿ ಮೊಮ್ಮಗಳ ಮದ್ವೆ ಮಾಡಕಾಯ್ತದಾ?’

ಅಜ್ಜಿ ನಾಯಿಯ ಮುಖ ನೋಡಿದಳು. ನಾಯಿ ಹುಬ್ಬು ಗಂಟಿಕ್ಕಿಕೊಂಡು ಅಜ್ಜಿಯನ್ನು ನೋಡಿತು. ಮಾವನ ಎದುರು ಯಾವತ್ತೂ ಮಾತಾಡಿ ಗೊತ್ತಿಲ್ಲದ ಸೊಸೆ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಬಂದವರು ಕಾಫಿ ಕುಡಿದು ಎದ್ದರು. ಹೀಗೆ ಎರಡು ವರ್ಷ ಬಂದ ಗಂಡುಗಳೆಲ್ಲ ಅದೇ ದಪ್ಪ ಗೆರೆಯನ್ನು ನೋಡಿ ವಾಪಸಾದರು. ಊರವರು ಚಿಕ್ಕಪ್ಪನಿಗೆ ತಲೆ ಕೆಟ್ಟಿದೆ ಎಂದರು. ನಾನೂ ಹೌದೆಂದೆ.

ಪರೀಕ್ಷೆಗೆ ಮೂರು ತಿಂಗಳಿತ್ತು. ನಾನು ಮನೆಗೆ ಬಂದಿದ್ದಾಗ ಸೋಮವಾರಪೇಟೆ ಕಡೆಯ ಒಂದು ಸಂಬಂಧ ಬಂತು. ಹುಡುಗ ಮೈಸೂರಿನಲ್ಲಿ ಕಾಲೇಜು ಓದಿದವನು, ಪ್ಯಾಂಟು ಹಾಕಿದವನು. ಜಗಲಿಯಲ್ಲಿ ಕೂತು, ‘ಇದು ಯಾವ ಜಾತಿ ನಾಯಿ?’ ಎಂದು ಕೇಳಿದ.

‘ಮೈನರ್ ಸೋಲ್ಜರ್. ಮೇಜರ್ ಆಗ್ಲಿ ಅಂತ ಕಾಯ್ತಾ ಇದೀವಿ. ಅಲ್ಲಿಗಂಟ ಮನೇಲಿ ಮದ್ವೆ ಇಲ್ಲ’ ಎಂದ ಚಿಕ್ಕಪ್ಪ.

ಹುಡುಗ ನಕ್ಕ. ಅವನಪ್ಪ ನಕ್ಕ. ಬಾಗಿಲ ಹಿಂದೆ ನಿಂತಿದ್ದ ನನಗೆ ಮೈ ಉರಿದುಹೋಯಿತು. ಇಂಥ ಪೆದ್ದರ ಮನೆಯ ಹುಡುಗಿ ಎಂದುಕೊಂಡರೆ? ಯಾರೂ ಕರೆಯದೆ ಹೊರಗೆ ಬಂದೆ.

‘ಮೈನರ್ ಅಲ್ಲ, ಮಿನಿಯೇಚರ್! ಈ ಜಾತಿಯೇ ಇಷ್ಟು. ಜನ್ಮವೆಲ್ಲ ಕಾದರೂ ಬೆಳೆಯಲ್ಲ. ಚಿಕ್ಕಪ್ಪನಿಗೆ ಇಂಗ್ಲಿಷ್ ಬರಲ್ಲ, ತಪ್ಪಾಗಿ ಕೇಳಿಸಿಕೊಂಡಿದ್ದಾನೆ.’

ಚಿಕ್ಕಪ್ಪ ನನ್ನನ್ನೇ ನೋಡಿದ. ಆಗ ಅವನು ಬಾಯಿ ಬಿಟ್ಟು, ‘ಹೇಳ್ದೋಳು ನೀನೇ ಅಲ್ವೇನೇ’ ಎಂದಿದ್ದರೆ ನಾನು ಅಲ್ಲೇ ಭೂಮಿಗಿಳಿದು ಹೋಗುತ್ತಿದ್ದೆ. ಅವನು ಮೈನರ್ ಬೆನ್ನು ಸವರುತ್ತ, ‘ಹಂಗಾ ಮಗ? ನಂಗೆಲ್ಲಿ ಗೊತ್ತಾಯ್ತದೆ’ ಎಂದ.

ಒಳಗಿನಿಂದ ಅಜ್ಜಿ ಬಂದಳು. ‘ಹಂಗಾದ್ರೆ ಇನ್ನ ಕಾಯೋದೇನದೆ?’ ಎಂದಳು.

ಅಷ್ಟೇ. ಎರಡು ವರ್ಷ ನನ್ನನ್ನು ಕಾದ ಗೋಡೆಯನ್ನು ನನ್ನ ಕೈಯಾರೆ ಕೆಡವಿದ್ದೆ. ಹುಡುಗನಿಗೆ ನನ್ನ ಇಂಗ್ಲಿಷ್ ಬಹಳ ಹಿಡಿಸಿತಂತೆ! ಅಜ್ಜಿ ಅವರನ್ನು ಕೇಳಿದ್ದು ಒಂದೇ ಮಾತು, ಮದುವೆ ಯಾವಾಗ ಇಟ್ಟುಕೊಳ್ಳೋಣ ಎಂದು. ಚಿಕ್ಕಪ್ಪ ಅಡ್ಡಬಾಯಿ ಹಾಕಿದ. ‘ಕುಡೀತಾರಾ ಕೇಳವ್ವ. ಕೈ ಮಾಡ್ತಾರಾ ಕೇಳು. ಓದಿಸ್ತಾರಾ ಕೇಳು. ಆ ದೊರೆಸಾನಿ ನಾಯಿಮರಿ ಕೊಡೋವಾಗ ಇದ್ಕಿಂತ ಜಾಸ್ತಿ ಕೇಳಿದ್ರು!’ ಎಲ್ಲರೂ ಗೊಳ್ಳೆಂದು ನಕ್ಕರು. ನಾಚಿಕೆಯಿಂದ ನಾನೂ ನಕ್ಕೆ.

ಪರೀಕ್ಷೆಗೆ ಹದಿನೆಂಟು ದಿನವಿರುವಾಗ ಮದುವೆಯಾಯಿತು. ಗಂಡ ಕೆಟ್ಟವರಲ್ಲ, ಕುಡಿಯಲಿಲ್ಲ, ಹೊಡೆಯಲಿಲ್ಲ. ಪರೀಕ್ಷೆಯ ಮಾತು ತೆಗೆದಾಗ ಮಾತ್ರ, ‘ಇರೋ ಇಂಗ್ಲಿಷ್ ಸಾಕು’ ಎಂದರು. ಪುಸ್ತಕದ ಟ್ರಂಕು ಹಾಸ್ಟೆಲಿನಲ್ಲೇ ಉಳಿಯಿತು.

ಮಳೆಗಾಲ ಕಳೆದು ತವರಿಗೆ ಬಂದಾಗ ಬಂಗಲೆಯಿಂದ ಕರೆ ಬಂತು. ದೊರೆಸಾನಿ ಎಸ್ಟೇಟು ಮಾರಿ ಹೊರಟಿದ್ದರು. ವರಾಂಡದ ತುಂಬ ಪೆಟ್ಟಿಗೆ. ‘ಪರೀಕ್ಷೆ ಪಾಸು ಆಯ್ತಾ?’ ಎಂದು ಕೇಳಿದರು. ಬರೆಯಲಿಲ್ಲ ಎಂದೆ. ಅವರಿಗೆ ನಿಜವಾಗಿಯೂ ನೋವಾಯಿತು.

‘ಚಿಕ್ಕಪ್ಪ ಪರೀಕ್ಷೆ ಬರೆಸದೆ ಬಿಡೋದು ಇಲ್ಲ ಅಂತ ಹೇಳಿತ್ತು’ ಎಂದರು ತಮ್ಮ ಕನ್ನಡದಲ್ಲಿ. ‘ಮರಿ ತಗೊಂಡ ಮಾರನೇ ದಿನ ಹಾಲು ತಂದು ಕೇಳಿತು, ಅಮ್ಮಾ ಇದು ಎಷ್ಟು ದೊಡ್ಡದು ಆಗ್ತದೆ? ನಾನು ಹೇಳಿತು, ಇಷ್ಟೇ, ಯಾವಾಗಲೂ ಇಷ್ಟೇ. ಅವರು ತುಂಬಾ ನಕ್ಕಿತು. ಆಮೇಲೆ ಹೇಳಿತು, ನಮ್ಮ ಮಗಳಿಗೆ ಹೇಳಬೇಡಿ. ಮನೆಯಲ್ಲಿ ಇಂಗ್ಲಿಷ್ ಬರೋದು ಅವಳಿಗೆ ಒಬ್ಬಳಿಗೇ.’

ಮಾರನೇ ದಿನ! ಹಾಗಾದರೆ ಆ ಗೂಡು? ಆ ಗೆರೆಗಳು? ಇಡೀ ಊರು ನಕ್ಕಿದ್ದು?

ಮನೆಗೆ ಹೇಗೆ ನಡೆದು ಬಂದೆನೋ ಗೊತ್ತಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಪ್ಪ ಮೈನರನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿಕೊಂಡು, ಕೈಯಲ್ಲಿ ಇದ್ದಿಲು ಹಿಡಿದು ಕೂತಿದ್ದ. ನನ್ನ ಗೆರೆಗಳು ಮದುವೆಯ ಹಿಂದಿನ ತಿಂಗಳಿಗೆ ನಿಂತಿದ್ದವು. ತಪ್ಪಾಯಿತು ಚಿಕ್ಕಪ್ಪ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಆ ಒಂದು ಮಾತು ಅವತ್ತೂ ಹೊರಡಲಿಲ್ಲ, ಅವನು ಇರುವವರೆಗೂ ಹೊರಡಲಿಲ್ಲ. ಬಾಯಿಂದ ಬಂದದ್ದು ಬೇರೆ.

‘ಎಲ್ಲ ಗೊತ್ತಿತ್ತಲ್ಲ ನಿಂಗೆ. ನನ್ನ ಮದುವೇನೂ ಆಯ್ತು. ಇನ್ನೂ ಯಾಕೆ ಅದನ್ನ ಅಳೀತಿದ್ದೀಯ ಚಿಕ್ಕಪ್ಪ?’

ಅವನು ತಲೆಯೆತ್ತಿ ನೋಡಲಿಲ್ಲ. ನಾಯಿಯ ನೆತ್ತಿಯ ಮೇಲೆ ಕಡ್ಡಿ ಅಡ್ಡ ಇಟ್ಟ.

‘ನಿಂಗೊಂದು ಹೆಣ್ಮಗ ಆದ್ರೆ ಬೇಕಾಯ್ತದಲ್ಲ ಮಗ’ ಎಂದು, ಅದೇ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆದ.