ಕಂಡಕ್ಟರ್ ಮಾವನ ಹಸಿ ಬಣ್ಣ

ನಮ್ಮ ಸೋದರಮಾವನ ಮನೆಗೆ ಹೋದರೆ ಟಿಕೆಟ್ ಹರಿದು ಕೈಗೆ ಕೊಡುವುದೊಂದು ಬಾಕಿ, ಮಿಕ್ಕಿದ್ದೆಲ್ಲ ಆಗುತ್ತದೆ! ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರೆ, “ಬಾಗ್ಲಾಗ ನಿಂದರಬ್ಯಾಡ್ರಿ, ಒಳಗ ಸರೀರಿ” ಎನ್ನುತ್ತಾರೆ. ಊಟಕ್ಕೆ ಆರಾಮಾಗಿ ಚಕ್ಕಳಬಕ್ಕಳ ಹಾಕಿ ಕೂತರೆ, “ಏ, ಮೂರು ಮಂದಿ ಕೂಡೂ ಜಾಗಾ ಅದ” ಎಂದು ಮೊಣಕಾಲು ತಟ್ಟುತ್ತಾರೆ. ಸ್ವಂತ ಮಗಳ ಮದುವೆಯಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ಉತ್ಸಾಹ ತಡೆಯಲಾರದೆ ಎರಡು ಸೀಟಿ ಊದಿಬಿಟ್ಟಿದ್ದರು. ಅರ್ಧ ಮಂದಿ ಅಕ್ಷತೆ ಹಾಕಿದರು. ಉಳಿದರ್ಧ ಮಂದಿ ಬಸ್ಸು ಹೊರಟಿತೆಂದು ಚೀಲ ಎತ್ತಿಕೊಂಡು ಓಡಿದರು!

ಬಸವಕಲ್ಯಾಣ–ಹುಮನಾಬಾದ ಬಸ್ಸಿನಲ್ಲಿ ಜೀವಮಾನವೆಲ್ಲ ಕಂಡಕ್ಟರ್ ಆಗಿದ್ದವರು ಅವರು. ಒಂದು ಸೀಟಿ ಎಂದರೆ ನಿಲ್ಲು, ಎರಡು ಸೀಟಿ ಎಂದರೆ ಹೊರಡು. ಅವರ ಮಟ್ಟಿಗೆ ಲೋಕದ ವ್ಯವಹಾರವೆಲ್ಲ ಇಷ್ಟರಲ್ಲೇ ಮುಗಿಯುತ್ತದೆ.

ಮನೆ ಇರುವುದು ಕಲ್ಯಾಣದ ಬಸ್ ನಿಲ್ದಾಣದ ದಾರಿಯಲ್ಲಿ. ಮುಂದೆ ಸಾಗುವಾನಿಯ ನಾಲ್ಕು ಕಂಬಗಳ, ಹಲಗೆ ನೆಲದ ಹಳೆಯ ಪಡಸಾಲೆ. ಕಂಬದಿಂದ ಕಂಬಕ್ಕೆ ಉದ್ದನೆಯ ಮರದ ಬೆಂಚು. ಬೆನ್ನಿಗೆ ಆನಿಕೊಳ್ಳಲು ಮೂರು ಅಡ್ಡ ಪಟ್ಟಿ. ಬಸ್ಸು ತಪ್ಪಿದವರು, ಬಿಸಿಲು ತಾಳದವರು, ನಾರಾಯಣಪುರದಿಂದ ಸಂತೆಗೆ ಬಂದ ಹೆಂಗಸರು, ಕೆಲಸವಿದ್ದವರು, ಕೆಲಸವಿಲ್ಲದವರು, ಎಲ್ಲರೂ ಅಲ್ಲಿಯೇ. ಮಾವ ಎಲ್ಲರನ್ನೂ ಬೈಯುತ್ತಾರೆ, ಎಲ್ಲರಿಗೂ ನೀರು ಕೊಡುತ್ತಾರೆ. ಆದರೆ ಎಡಗಡೆಯ ಮೂಲೆಯಲ್ಲಿ, ಕಂಬಕ್ಕೆ ಒರಗಿ ಕೂಡುವ ಜಾಗದಲ್ಲಿ ಮಾತ್ರ ಯಾರೂ ಕೂಡುವಂತಿಲ್ಲ.

“ಅದು ರಿಸರ್ವ್ ಅದರಿ.”

ಯಾರಿಗೆ ಎಂದು ಕೇಳಿದರೆ ಮಾವ ಕೆಮ್ಮುತ್ತಾರೆ. ಕೆಮ್ಮಿದರೇನಾಯಿತು, ನಮಗೆಲ್ಲ ಗೊತ್ತು! ಅದು ಹುಮನಾಬಾದಿನ ಡ್ರೈವರ್ ಸಾಬರ ಜಾಗ. ಮಾವನ ಬಸ್ಸನ್ನು ನಡೆಸಿದವರು ಅವರೇ. ಡ್ಯೂಟಿ ಮುಗಿದ ಮೇಲೆ ಆ ಮೂಲೆಯಲ್ಲಿ ಒರಗಿ, ಅತ್ತೆಯ ಕೈಯ ಚಹಾ ಕುಡಿದೇ ಊರಿಗೆ ಹೋಗುತ್ತಿದ್ದವರು. ಗಂಡಹೆಂಡಿರಿಗಿಂತ ಹೆಚ್ಚು ಹೊತ್ತು ಜೊತೆಗಿದ್ದರು, ಗಂಡಹೆಂಡಿರಿಗಿಂತ ಹೆಚ್ಚು ಜಗಳವಾಡಿದರು. ಕೊನೆಯ ಜಗಳ ಮಾತ್ರ ಮುಗಿಯಲೇ ಇಲ್ಲ.

ಆದದ್ದು ಇಷ್ಟೇ. ರಾಜೇಶ್ವರದಲ್ಲಿ ಬಸ್ಸು ನಿಂತಿತ್ತು. ಮಾವ ಇಳಿದು ಮಿರ್ಚಿ ಭಜಿ ತಿನ್ನುತ್ತಿದ್ದರು. ಬಸ್ಸು ಅವರನ್ನು ಬಿಟ್ಟು ಹೊರಟೇಹೋಯಿತು! ಕಂಡಕ್ಟರನನ್ನೇ ಬಿಟ್ಟು ಹೋದ ಬಸ್ಸನ್ನು ನೀವು ಕಂಡಿದ್ದೀರಾ? ಮಾವ ಕಬ್ಬಿನ ಟ್ರ್ಯಾಕ್ಟರ್ ಹತ್ತಿ, ದಾರಿಯುದ್ದಕ್ಕೂ ಒಂದೊಂದೇ ಸೀಟಿ ಊದುತ್ತ ಹುಮನಾಬಾದ ಮುಟ್ಟಿದರು. ನಿಲ್ದಾಣದಲ್ಲಿ ನಗದವರಿಲ್ಲ.

“ನೀನೇ ಎರಡು ಸೀಟಿ ಹೊಡದಿ, ನಾ ಗಾಡಿ ಬಿಟ್ಟೆ” ಎಂದರು ಡ್ರೈವರ್ ಸಾಬ್.

“ಬಾಯಾಗ ಭಜಿ ಇತ್ತು, ಸೀಟಿ ಹ್ಯಾಂಗ ಹೊಡೀಲಿ? ನಿನ್ನ ಕಿವ್ಯಾಗ ಏನಿತ್ತು?”

ಸೀಟಿ ಊದಿದವರು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಇಬ್ಬರೂ ನಿವೃತ್ತರಾದರು. ಮಾತು ಅದಕ್ಕೂ ಮೊದಲೇ ನಿವೃತ್ತಿಯಾಗಿತ್ತು. ಮಾವನ ಸೀಟಿ ಗೂಟಕ್ಕೆ ಸೇರಿತು, ಮೂಲೆಯ ಜಾಗ ಖಾಲಿ ಉಳಿಯಿತು.

ಹೀಗಿರುವಾಗ ಈ ಬೇಸಿಗೆಯಲ್ಲಿ ಮಾವನಿಗೆ ಪಡಸಾಲೆಗೆ ಬಣ್ಣ ಹಚ್ಚಿಸುವ ಮನಸ್ಸಾಯಿತು. ಬಣ್ಣದವನು ಬಂದ, ಕಂಬ ಬಡಿದು ನೋಡಿದ, “ಇದನ್ನೆಲ್ಲಾ ಕಿತ್ತು ಒಗೀರಿ ಸಾಹೇಬ್ರ, ಕಬ್ಬಿಣದ ಗ್ರಿಲ್ ಹಾಕಿಸಿಬಿಡ್ರಿ” ಎಂದ. ಅವನನ್ನು ಮುಂದಿನ ಸ್ಟಾಪಿನವರೆಗೂ ಉಳಿಸಲಿಲ್ಲ, ಅಲ್ಲೇ ಇಳಿಸಿಬಿಟ್ಟರು.

“ಡಕೋಟಾ ಬಸ್ಸು ಜೀವನಪೂರ್ತಿ ನಡಿಸಿದಾಂವ ನಾ. ನಾಕು ಕಂಬಕ್ಕ ಬಣ್ಣಾ ಹಚ್ಚೂದು ನನಗ ಬರಂಗಿಲ್ಲೇನು?”

“ನೀವೆಲ್ಲಿ ನಡಿಸೀರಿ?” ಅಡುಗೆಮನೆಯಿಂದ ಅತ್ತೆಯ ದನಿ ಬಂತು. “ನಡಿಸಿದವ್ರು ಹುಮನಾಬಾದದಾಗ ಕುಂತಾರ. ನೀವು ಬರೇ ಹಿಂದ ನಿಂತು ಒದರಿದವ್ರು.”

ಮಾವ ಕೆಮ್ಮಿದರು.

ಮರುದಿನದಿಂದಲೇ ಮರಳು ಕಾಗದ ಹಿಡಿದು ತಿಕ್ಕಲು ಶುರು. ತಿಕ್ಕಿದಂತೆ ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಹಳದಿ, ಅದರ ಕೆಳಗೆ ಇನ್ನೊಂದು ಹಸಿರು ಬಂತು. ಅತ್ತೆ ಬಂದು ನೋಡಿ, “ನನಗಿಂತ ಈ ಕಂಬಕ್ಕs ಹೆಚ್ಚು ಸೀರಿ ಸಿಕ್ಕಾವಲ್ಲ!” ಎಂದು ನಿಟ್ಟುಸಿರು ಬಿಟ್ಟರು.

ಯಾವ ಬಣ್ಣ ತಂದರೆಂದು ಹೇಳಬೇಕೇ? ಕೆಂಪು. ಅದೇ ಬಸ್ಸಿನ ಕೆಂಪು! ಡಬ್ಬಿಯ ಬಣ್ಣ ದಪ್ಪಗಿತ್ತು. ಅಂಗಡಿಯವನು ಟರ್ಪಂಟೈನ್ ಬೆರೆಸಿರಿ ಎಂದಿದ್ದ. ಮಾವ ಯಾರ ಮಾತನ್ನು ಕೇಳಿದವರು? “ಆಯಿಲ್ ಪೇಂಟ್ ಅಂದ ಮ್ಯಾಲೆ ಎಣ್ಣೀನೇ ಹಾಕ್ಬೇಕು” ಎಂದು ತೀರ್ಮಾನಿಸಿ ಅಡುಗೆಮನೆಯ ಕುಸುಬೆ ಎಣ್ಣೆಯ ಡಬ್ಬಿಯನ್ನೇ ಎತ್ತಿ ಸುರಿದರು. ಸಂಜೆ ಭಜಿ ಕರಿಯಲು ಹೋದ ಅತ್ತೆಗೆ ಸಿಕ್ಕಿದ್ದು ಖಾಲಿ ಡಬ್ಬಿ.

“ಕಂಬಕ್ಕೇನು ಒಗ್ಗರಣಿ ಹಾಕೀರೇನ್ರಿ?”

ಕಂಬಕ್ಕೂ ಬೆಂಚಿನ ಬೆನ್ನಪಟ್ಟಿಗೂ ಹಚ್ಚಿದ ಬಣ್ಣವೇನೋ ಮದುಮಗಳ ಹಾಗೆ ಮಿಂಚಿತು. ಆದರೆ ಒಣಗಲಿಲ್ಲ. ಕಲ್ಯಾಣದ ಬಿಸಿಲಿಗೆ ಮನುಷ್ಯರೇ ಒಣಗಿ ಹಪ್ಪಳವಾಗುತ್ತಾರೆ, ಆ ಬಣ್ಣ ಮಾತ್ರ ಒಣಗಲಿಲ್ಲ! ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಓಣಿಯ ಬಿಳಿ ಬೆಕ್ಕು ಕೆಂಪಾಯಿತು. ಮಾವ ಹಲಗೆಯ ಮೇಲೆ ‘ಹಸಿ ಬಣ್ಣ. ಕೂಡಬೇಡಿರಿ’ ಎಂದು ಬರೆದು ತೂಗುಹಾಕಿದರು. ನಮ್ಮ ಕಡೆಯ ಮಂದಿ ಇಂಥದ್ದನ್ನು ಓದಿ ಸುಮ್ಮನೆ ಹೋಗುತ್ತಾರೆಯೇ? ಬೆರಳು ಹಚ್ಚಿ, “ಖರೇನs ಹಸಿ ಅದ ನೋಡ್ರಿ” ಎಂದು ಪಕ್ಕದವನಿಗೆ ಹೇಳುವುದು. ಪಕ್ಕದವನೂ ಬೆರಳು ಹಚ್ಚುವುದು. ಆಮೇಲೆ ಇಬ್ಬರೂ ಮರೆತು ಅಲ್ಲೇ ಕೂಡುವುದು! ಬ್ಯಾಂಕಿನ ಸಾಲಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ನೋಡಿದರೂ ಬೆನ್ನಿಗೆ ಮೂರು ಕೆಂಪು ಪಟ್ಟಿ ಹೊತ್ತ ಮಂದಿ. ಯಾವುದೋ ಹೊಸ ಪಂಥ ಹುಟ್ಟಿತೇನೋ ಎಂದು ಪರವೂರಿನವರು ಗಾಬರಿಯಾಗಿದ್ದರೂ ಆಶ್ಚರ್ಯವಿಲ್ಲ.

ನಾನು ಚಿಟಗುಪ್ಪದವನು. ಮಾವನ ಮನೆಗೆ ಹೋಗಲು ಹುಮನಾಬಾದದಲ್ಲಿ ಬಸ್ಸು ಬದಲಿಸಬೇಕು. ಒಂದು ಗುರುವಾರ ಸಂಜೆ ಆ ನಿಲ್ದಾಣದಲ್ಲಿ ನಿಂತಿದ್ದೆ. ಕಲ್ಯಾಣದ ಬಸ್ಸಿನಿಂದ ಇಳಿದು ಒಬ್ಬರು ನನ್ನ ಮುಂದೆಯೇ ನಡೆದುಹೋದರು. ಬಿಳಿ ಕುರ್ತಾದ ಬೆನ್ನಿಗೆ ಮೂರು ಕೆಂಪು ಪಟ್ಟಿ! ಎಡತೋಳಿನ ಮೇಲೆ ಕಂಬದ ಉದ್ದನೆಯ ಗುರುತು ಬೇರೆ. ಕಂಬದ ಗುರುತು ಬೀಳುವುದು ಆ ಮೂಲೆಯಲ್ಲಿ ಕೂತವರಿಗೆ ಮಾತ್ರ.

“ಡ್ರೈವರ್ ಸಾಬ್!” ಎಂದು ಕೂಗಿದೆ. “ಮಾವನ ಮನಿಗೆ ಹೋಗಿದ್ರೇನ್ರಿ?”

ಅವರು ತಿರುಗಿ ನಿಂತರು. “ಆ ಭಜಿಯವನ ಮನಿಗಿ? ಕಾಯಕೂ? ನಾ ಯಾಕ ಹೋಗ್ಲಿ? ಗುರುವಾರ ಅಲ್ಲೇನು, ದರ್ಗಾಕ್ಕ ಹೋಗಿದ್ದೆ.”

“ದರ್ಗಾದಾಗೂ ಬಣ್ಣಾ ಹಚ್ಚ್ಯಾರೇನ್ರಿ? ಬೆನ್ನು ನೋಡ್ಕೊಳ್ರಿ.”

ತನ್ನ ಬೆನ್ನು ತಾನು ನೋಡಿಕೊಳ್ಳಲು ಡ್ರೈವರ್ ಸಾಬ್ ನಿಂತಲ್ಲೇ ಎರಡು ಸುತ್ತು ಸುತ್ತಿದರು. ಆಮೇಲೆ ನಗು ತಡೆಯಲಾರದೆ ಕಟ್ಟೆಯ ಮೇಲೆ ಕೂತುಬಿಟ್ಟರು.

“ದರ್ಗಾಕ್ಕ ಹೋಗೂದೂ ಖರೇ, ಅಂವನ ಪಡಸಾಲ್ಯಾಗ ಕುಂತು ಬರೂದೂ ಖರೇ. ಊಟ ಮಾಡಿ ಅಂವ ಮಕ್ಕೋತಾನ, ನನಗ ಗೊತ್ತದ. ಅಷ್ಟೊತ್ತಿನಾಗ ಕುಂತು, ಎದ್ದು ಬರ್ತೀನಿ.”

“ಬೋರ್ಡ್ ಓದಲಿಲ್ಲೇನ್ರಿ?”

“ಅಂವ ಹಾಕಿದ ಬೋರ್ಡ್ ನಂಬಿ ಯಾವ ಪ್ಯಾಸೆಂಜರ್ ಸರಿಯಾದ ಊರು ಮುಟ್ಟ್ಯಾನ?”

“ಬಾಗ್ಲಾ ಬಡದು ಮಾತಾಡಿಸಬಾರ್ದೇನ್ರಿ?”

ಡ್ರೈವರ್ ಸಾಬ್ ತೋಳಿನ ಬಣ್ಣವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. “ಅಂವನ ಸೀಟಿ ಇಲ್ಲದs ಒಮ್ಮೆ ಗಾಡಿ ಬಿಟ್ಟು ಕೆಟ್ಟೀನಪ್ಪಾ. ಈ ಸಲ ಸೀಟಿ ಬರ್ಲಿ.”

ಅದೇ ಸಂಜೆ ಹೋಗಿ ಮಾವನಿಗೆ ಎಲ್ಲ ಹೇಳಿದೆ. “ಅಂವ ಕುಂತ್ರ ನನಗೇನು!” ಎಂದರು. ಕೆಮ್ಮಿದರು. ಆಮೇಲೆ ಎದ್ದು ಪಡಸಾಲೆಯ ಮೂಲೆಗೆ ಹೋಗಿ ಪಟ್ಟಿಗಳ ಮೇಲೆ ಬಗ್ಗಿದರು. ಹಸಿ ಬಣ್ಣದಲ್ಲಿ ಕುರ್ತಾದ ನೇಯ್ಗೆ ಸ್ಪಷ್ಟವಾಗಿ ಮೂಡಿತ್ತು.

“ನಿನಗ ಗೊತ್ತಿತ್ತೇನು?” ಎಂದು ಅತ್ತೆಯನ್ನು ಕೇಳಿದರು.

“ಗುರುವಾರಕ್ಕೊಮ್ಮೆ ಅವ್ರಿಗೆ ಚಹಾ ಕೊಟ್ಟವ್ರು ಯಾರು ಮತ್ತ? ಬಾಯಿ ಬಿಡಬ್ಯಾಡ್ರಿ ಭಾಬಿ ಅಂದಿದ್ರು, ಬಿಡಲಿಲ್ಲ.”

“ಬಣ್ಣಾ ಹಸಿ ಅದ ಅಂತಾದ್ರೂ ಹೇಳಬಾರ್ದೇನು?”

“ಹೇಳಿದ್ರ ಬೆನ್ನಿಗೆ ಹತ್ತಿರ್ತಿತ್ತೇನು? ನಾ ಬಾಯಿ ಬಿಡಲಿಲ್ಲ. ಬೆನ್ನು ಮಾತಾಡಿದ್ರ ನನ್ನ ತಪ್ಪೇನ್ರಿ?”

ಮುಂದಿನ ಗುರುವಾರ ನಾನು ಅಲ್ಲಿರದೆ ಇರುತ್ತೇನೆಯೇ? ಊಟವಾಯಿತು. ಮಾವ ಅಡ್ಡಾಗಿ, ಓಣಿಗೆಲ್ಲ ಕೇಳುವಂತೆ ಸುಳ್ಳು ಗೊರಕೆ ಹೊಡೆಯತೊಡಗಿದರು. ಪಡಸಾಲೆಯ ಹಲಗೆ ಕಿರುಗುಟ್ಟಿತು. ಅತ್ತೆ ಚಹಾ ಕೊಟ್ಟು ಒಳಗೆ ಬಂದು, ನಮ್ಮ ಕಡೆ ನೋಡದೆಯೇ ಅಡುಗೆಮನೆಗೆ ಹೋದರು. ಮಾವ ಎದ್ದರು. ಪೆಟ್ಟಿಗೆಯಿಂದ ಖಾಕಿ ಅಂಗಿ ತೆಗೆದು ತೊಟ್ಟರು. ಹೊಟ್ಟೆಯ ಹತ್ತಿರದ ಗುಂಡಿ ಹಾಕಲು ಬರಲಿಲ್ಲ, ಬಿಟ್ಟರು. ಗೂಟದಿಂದ ಸೀಟಿ ತೆಗೆದುಕೊಂಡರು.

ಬಾಗಿಲಿನ ಸದ್ದಿಗೆ ಡ್ರೈವರ್ ಸಾಬ್ ಗಾಬರಿಯಾಗಿ ಬಟ್ಟಲು ಕೆಳಗಿಟ್ಟು ಎದ್ದೇಬಿಟ್ಟರು. ಇನ್ನೇನು ಮೆಟ್ಟಿಲು ಇಳಿಯಬೇಕು.

ಮಾವ ಸೀಟಿ ಊದಿದರು. ಒಂದೇ ಸೀಟಿ, ಉದ್ದಕ್ಕೆ.

ಡ್ರೈವರ್ ಸಾಬರ ಬಲಗಾಲು ತಾನಾಗಿಯೇ ಹಲಗೆಯನ್ನು ಒತ್ತಿ ಹಿಡಿಯಿತು. ಬ್ರೇಕ್!

ಡ್ರೈವರ್ ಸಾಬ್ ಹಿಂತಿರುಗಿ, “ನಿನ್ನ ಬಣ್ಣಾ ಇನ್ನೂ ಹಸಿ ಅದಲ್ಲೋ ಕಂಡಕ್ಟರ್” ಎಂದರು.

“ಒಣಗಿದ್ರ ನೀ ಸಿಗ್ತಿದ್ದೇನು?” ಎಂದರು ಮಾವ. ಖಾಕಿ ಅಂಗಿ ತೊಟ್ಟಿದ್ದೇನೆಂಬುದನ್ನೂ ಮರೆತು ಬೆಂಚಿನ ಪಟ್ಟಿಗೆ ಬೆನ್ನು ಕೊಟ್ಟು ಕೂತರು. ಪಕ್ಕದ ಮೂಲೆಯನ್ನು ಅಂಗೈಯಿಂದ ತಟ್ಟಿ ತೋರಿಸಿದರು. ಡ್ರೈವರ್ ಸಾಬ್ ತಮ್ಮ ಜಾಗದಲ್ಲಿ ಕೂತರು.

ಹುಮನಾಬಾದಿನ ಬಸ್ಸುಗಳು ಒಂದರ ಹಿಂದೊಂದು ಮನೆಯ ಮುಂದೆಯೇ ಹಾದುಹೋದವು. ಅತ್ತೆ ಕುಸುಬೆ ಎಣ್ಣೆ ತರಿಸಿ ಭಜಿ ಕರಿದರು. ಸೀಟಿ ಮಾವನ ಮುಷ್ಟಿಯಲ್ಲೇ ಇತ್ತು. ಕೊನೆಯ ಬಸ್ಸು ಹೋಗುವವರೆಗೂ ಅವರು ಎರಡು ಸೀಟಿ ಊದಲಿಲ್ಲ.