ಮುಳುಗುವವರ ಚಾಕು

ಸಮಸ್ತ ನಾಗರಿಕರಿಗೆ, ಅದರಲ್ಲೂ ಮದುವೆಯಾಗದ ಗಂಡಸರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ವಿಜಯದಶಮಿಯ ಬೆಳಿಗ್ಗೆ ವಿಶಾಖಪಟ್ಟಣದ ಒಂದು ಗಲ್ಲಿಯ ಮಹಡಿ ಮನೆಯಲ್ಲಿ ನಂದೀಶ ಎಂಬ ಬ್ರಹ್ಮಚಾರಿಯು ತನ್ನ ಚಾಕುವಿಗೆ ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ನಿಂಬೆಹಣ್ಣು ನಿವಾಳಿಸಿದನು. ಈ ಘಟನೆಯಿಂದ ದೇಶದ ಭದ್ರತೆಗೆ ಯಾವ ಧಕ್ಕೆಯೂ ಆಗಲಿಲ್ಲ. ಧಕ್ಕೆಯಾದದ್ದು ನಂದೀಶನಿಗೆ ಮಾತ್ರ.

ಚಾಕು ಸಾಮಾನ್ಯದ್ದಲ್ಲ. ಒಂದು ಕಡೆ ಕೂದಲು ಸೀಳುವ ಅಲಗು, ಇನ್ನೊಂದು ಕಡೆ ಮೊಸಳೆ ಆಕಳಿಸಿದಂಥ ಗರಗಸ. ಹಿಡಿ ಟೊಳ್ಳು. ಆ ಹಿಡಿಯೊಳಗೆ ಗಾಳ, ನೂಲು, ಸೂಜಿ, ಬೆಂಕಿಕಡ್ಡಿ, ಹೀಗೆ ಒಂದು ಹಿಡಿ ಸಾಮಾನು. ಹಿಡಿಯ ತುದಿಗೆ ದಿಕ್ಸೂಚಿ. ಟೀವಿಯಲ್ಲಿ ಸಿನಿಮಾ ಮುಗಿದ ಮೇಲೆ ಬರುವ ಉದ್ದನೆಯ ಜಾಹೀರಾತಿನಲ್ಲಿ ಒಬ್ಬ ಬಿಳಿಯ ಇದರಿಂದ ಹಗ್ಗ ಕೊಯ್ದ, ತಗಡು ಕೊಯ್ದ, ಕೊನೆಗೆ ನಂದೀಶನ ವಿವೇಕವನ್ನೂ ಕೊಯ್ದ. ‘ಸೇನೆಯ ಆಯ್ದ ಮುಳುಗುಗಾರರಿಗಾಗಿಯೇ ವಿನ್ಯಾಸಗೊಳಿಸಿದ್ದು’ ಎಂಬ ಒಂದು ಮಾತಿಗೆ ಮರುಳಾಗಿ ನಂದೀಶ ಅದನ್ನು ತರಿಸಿಕೊಂಡ. ಅವನಿಗೆ ಈಜು ಬರುತ್ತಿರಲಿಲ್ಲ ಎಂಬುದು ಬೇರೆ ವಿಷಯ.

ತಿಪಟೂರಿನ ಈ ಹುಡುಗ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿದ್ದ. ದಿನವಿಡೀ ಮಾತ್ರೆ ತೂಗಿ ತೂಗಿ ಮಾತು ತೂಗುವುದನ್ನು ಮರೆತಿದ್ದ. ಅದೇ ಕಂಪನಿಯ ಲೆಕ್ಕಪತ್ರ ವಿಭಾಗದ ಹಾರಿಕಾಳನ್ನು ಮದುವೆಯಾಗಬೇಕೆಂದು ಅವನ ಆಸೆ, ಅವಳದೂ ಕೂಡ. ಹಾರಿಕಾಳ ತಾಯಿ ಜಲಜಮ್ಮ ಬಳ್ಳಾರಿಯವರು, ಅಳಿಯ ಕನ್ನಡದವನು ಎಂದು ಆಗಲೇ ಹಿಗ್ಗಿದ್ದರು. ತಂದೆ ರಾಮ್‌ಪ್ರಸಾದ್ ಮಾತ್ರ ಹಿಗ್ಗುವ ಜಾತಿಯಲ್ಲ. ವಿಜಯವಾಡದ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ನಿವೃತ್ತರಾದವರು. ಅವರು ಫೋನಿನಲ್ಲಿ, ಸುಮ್ಮನೆ ಲೋಕಾಭಿರಾಮವಾಗಿ, ಹವ್ಯಾಸ ಏನಪ್ಪ ಎಂದು ಕೇಳಿದರು. ನಂದೀಶ ಚಾಕುವಿನ ಕತೆಯನ್ನು ಬಿಚ್ಚಿದ. ಮುಳುಗುಗಾರರ ವಿಷಯ ಬಂದಾಗ ಅವರು ತಡೆದರು.

“ನೋಡು ಬಾಬು,” ಎಂದರು ರಾಮ್‌ಪ್ರಸಾದ್, ಹೆಂಡತಿಯಿಂದ ಕಲಿತ ಕನ್ನಡದಲ್ಲಿ. “ಸಾಕ್ಷಿ ಇಲ್ಲದೆ ನಮ್ಮ ಮನೆ ಪುಳಿಹೋರಾನೂ ನಾನು ಪುಳಿಯೋಗರೆ ಅಂತ ಒಪ್ಪೋನಲ್ಲ. ದಸರಾಕ್ಕೆ ಚಾಕು ತಗೊಂಡು ಬಾ. ಅದು ಅಸಲಿ ಅಂತ ರುಜುವಾದ್ರೆ ಅವತ್ತೇ ತಾಂಬೂಲ. ಟೀವಿ ನೋಡಿ ಟೋಪಿ ಹಾಕಿಸ್ಕೊಂಡ ಹುಡುಗ ಅಂತಾದ್ರೆ, ಅಂಥೋನ ಕೈಗೆ ಮಗಳನ್ನ ಹೆಂಗೆ ಕೊಡ್ಲಿ?”

ಹಾರಿಕಾ ಆಮೇಲೆ ಫೋನ್ ಮಾಡಿ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಬೈದಳು. “ನಮ್ಮ ನಾನ್ನ, ಅಪ್ಪನ ಹತ್ರ ಜಾಸ್ತಿ ಮಾತಾಡಬೇಡಿ ಅಂತ ಹೇಳಿದ್ದೆ ಕದಾ. ಹವ್ಯಾಸ ಅಂದ್ರೆ ಕೇರಂ ಅಂತ ಹೇಳೋಕೆ ಏನಾಗಿತ್ತು ನಿಮಗೆ?”

ಹೀಗಾಗಿ ಆ ಬೆಳಿಗ್ಗೆ ನಂದೀಶನ ಮುಂದೆ ಒಂದೇ ಪ್ರಶ್ನೆ ಇತ್ತು. ಈ ಚಾಕು ನಿಜವಾಗಿಯೂ ಮುಳುಗುಗಾರರದ್ದೇ, ಅಥವಾ ಮುಳುಗಿದವನು ತಾನೇ?

ಊದುಬತ್ತಿಯ ವಾಸನೆ ಹಿಡಿದು ಮೊದಲು ಬಂದವರು ಮನೆ ಮಾಲೀಕ ಸತ್ಯಮೂರ್ತಿ. ಹಡಗುಕಟ್ಟೆಯ ಕಚೇರಿಯಲ್ಲಿ ಜೀವಮಾನವೆಲ್ಲ ಕೂತವರಾದ್ದರಿಂದ ಸಮುದ್ರದ ಬಗ್ಗೆ ಅಂತಿಮ ತೀರ್ಪು ತಮ್ಮದೇ ಎಂದು ನಂಬಿದ್ದರು. ಚಾಕುವನ್ನು ತಿರುಗಿಸಿ ತಿರುಗಿಸಿ ನೋಡಿ, ಮುಳುಗುಗಾರರು ಚಾಕುವನ್ನು ಮೀನಖಂಡಕ್ಕೆ ಕಟ್ಟಿಕೊಳ್ಳುತ್ತಾರೆ, ಇದನ್ನು ಕಟ್ಟಿಕೊಂಡರೆ ಮಂಡಿ ಮಡಿಸುವುದು ಮುಂದಿನ ಜನ್ಮದಲ್ಲಿ ಎಂದರು. ದಿಕ್ಸೂಚಿಯನ್ನು ಎಲ್ಲಿ ಹಿಡಿದರೂ ಮುಳ್ಳು ತಮ್ಮ ಅಡುಗೆಮನೆಯನ್ನೇ ತೋರಿಸುತ್ತದೆ ಎಂದೂ ಆಕ್ಷೇಪಿಸಿದರು. ಆ ಮನೆಯಲ್ಲಿ ಎಲ್ಲರೂ ಅತ್ತಲೇ ಮುಖ ಮಾಡಿರುತ್ತಿದ್ದರು, ಮುಳ್ಳಿನದೊಂದೇ ತಪ್ಪಲ್ಲ.

ಅಡುಗೆಮನೆಯಿಂದ ಅವರ ಹೆಂಡತಿ ಗಂಗಾಭವಾನಿ ಹತ್ತಿ ಬಂದರು. ಹೊಸಪೇಟೆಯಲ್ಲಿ ಬೆಳೆದ ಹೆಂಗಸು. ಅವರ ಕೈಯಲ್ಲಿ ಅನಕಾಪಲ್ಲಿಯ ಬೆಲ್ಲದ ದೊಡ್ಡ ಅಚ್ಚು. ಹಬ್ಬದ ಹೂರಣಕ್ಕೆಂದು ಬೆಳಗಿನಿಂದ ಅದನ್ನು ಒಡೆಯಲು ಹೆಣಗಿ, ಕುಟ್ಟಾಣಿಗೇ ಪೆಟ್ಟು ಮಾಡಿಕೊಂಡಿದ್ದರು. ನಂದೀಶ ಬೇಡ ಅನ್ನುವಷ್ಟರಲ್ಲಿ ಚಾಕು ಎತ್ತಿ ಒಂದೇ ಏಟು ಕೊಟ್ಟರು. ಅಚ್ಚು ಪಾಲು ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ ಎರಡಾಗಿ ಅತ್ತೊಂದು ಇತ್ತೊಂದು ಬಿತ್ತು. ಅಲಗು ಮಾತ್ರ ಅಲುಗಲಿಲ್ಲ.

“ನಂದೀಶೂ, ಇದು ಮಿಲಿಟ್ರಿದಲ್ಲಪ್ಪ, ಬೆಲ್ಲದ್ದು,” ಎಂದರು ಗಂಗಾಭವಾನಿ, ಕಣ್ಣಲ್ಲಿ ಭಕ್ತಿ ತುಂಬಿಕೊಂಡು. “ಎಷ್ಟು ಚೆನ್ನಾಗಿ ಮಾಡ್ಯಾರೆ ನೋಡು. ನಿಮ್ಮ ಮಾವ ಬೇಡ ಅಂದ್ರೆ ನನಗೇ ಕೊಟ್ಟುಬಿಡು.”

ಭಾವೀ ಮಾವನ ಮುಂದೆ ಬೆಲ್ಲದ ಸಾಕ್ಷಿ ನಿಲ್ಲುವುದಿಲ್ಲ ಎಂದು ನಂದೀಶ ಅಳುವ ದನಿಯಲ್ಲಿ ವಿವರಿಸಿದ. ಆಗ ಸತ್ಯಮೂರ್ತಿಗಳಿಗೆ ಹಿಂದಿನ ಬೀದಿಯ ಭೀಮಸೇನನ ನೆನಪಾಯಿತು. ನೌಕಾಪಡೆಯಲ್ಲಿ ಮುಳುಗುಗಾರನಾಗಿದ್ದು ನಿವೃತ್ತನಾದವನು. ಅವನು ಹೇಳಿದರೆ ಮುಗಿಯಿತು.

ಭೀಮಸೇನ ಬಾಗಲಕೋಟೆ ಕಡೆಯ ಆಸಾಮಿ. ಸಮುದ್ರವಿಲ್ಲದ ಊರಿನಲ್ಲಿ ಹುಟ್ಟಿ, ಬಾವಿಗೆ ಬಿದ್ದ ಕೊಡಗಳನ್ನು ಎತ್ತಿಕೊಡುತ್ತ ಮುಳುಗು ಕಲಿತು, ಕೊನೆಗೆ ಹಡಗಿನ ಹೊಟ್ಟೆಯಡಿ ಹೋಗಿ ಬರುವ ತನಕ ಬೆಳೆದಿದ್ದ. ಬಾಗಿಲಲ್ಲಿ ನಿಂತರೆ ಬಾಗಿಲು ಕಾಣುತ್ತಿರಲಿಲ್ಲ. ಅವನು ಬಂದವನೇ ಚಾಕುವನ್ನು ಕೈಯಲ್ಲಿ ಹಿಡಿದು, ಮಗುವಿನ ಜ್ವರ ನೋಡುವ ವೈದ್ಯನಂತೆ ಹಿಂದೆ ಮುಂದೆ ಮುಟ್ಟಿ ನೋಡಿದ.

“ಮ್ಯಾಲ ನಿಂತು ಹ್ಯಾಂಗ ಹೇಳ್ಲಿ?” ಎಂದ ಕೊನೆಗೆ. “ನೀರಿನ ಸಾಮಾನು ನೀರಾಗ ನೋಡ್ಬೇಕ್ರೀ.”

ಸಮುದ್ರಕ್ಕೆ ಹೋಗಿ ಬರುವಷ್ಟರಲ್ಲಿ ವಿಜಯವಾಡದ ರೈಲು ತಪ್ಪುತ್ತದೆ. ಹತ್ತಿರದಲ್ಲಿದ್ದ ನೀರೆಂದರೆ ಸತ್ಯಮೂರ್ತಿಗಳ ಅಂಗಳದ ಸಂಪು. ಆ ಸಂಪಿಗೂ ಒಂದು ಕಾಯಿಲೆ ಇತ್ತು. ಪಕ್ಕದ ಬೇವಿನ ಮರದ ಬೇರು ಸಂಪಿನ ತಳದಿಂದ ಎದ್ದು ಮೇಲಿನ ಕೊಳವೆಯ ಬಾಯೊಳಗೆ ನುಗ್ಗಿ, ನೀರು ನೂಲಿನಷ್ಟೇ ಸಣ್ಣಗೆ ಬರುತ್ತಿತ್ತು. ಎಷ್ಟೋ ಪ್ಲಂಬರುಗಳು ಬಂದು ಕೈ ಚೆಲ್ಲಿದ್ದರು. ಭೀಮಸೇನ ಮುಚ್ಚಳ ತೆಗೆದ, ಅಂಗಿ ಬಿಚ್ಚಿ ನಂದೀಶನ ಕೈಗಿತ್ತ, ಚಾಕು ಕಚ್ಚಿಕೊಂಡು ಇಳಿದ.

ಗಲ್ಲಿಗೆ ಗಲ್ಲಿಯೇ ಸಂಪಿನ ಸುತ್ತ ನೆರೆಯಿತು. ಮೊದಲು ಗುಳ್ಳೆಗಳು ಬಂದವು. ಆಮೇಲೆ ಗುಳ್ಳೆಗಳೂ ನಿಂತವು. ಗಂಗಾಭವಾನಿ ವಿಜಯವಾಡದ ಕನಕದುರ್ಗೆಗೆ ಸೀರೆ ಹರಸಿಕೊಂಡರು, ಇನ್ನೂ ತಡವಾದಾಗ ಸೀರೆಗೆ ರವಿಕೆ ಕಣವನ್ನೂ ಸೇರಿಸಿದರು. ಸತ್ಯಮೂರ್ತಿ ತಮ್ಮ ಸಂಪಿನಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಮಾಲೀಕನ ಹೊಣೆ ಎಷ್ಟು ಎಂದು ಅಕ್ಕಪಕ್ಕದವರನ್ನು ವಿಚಾರಿಸತೊಡಗಿದರು.

ಅಷ್ಟರಲ್ಲಿ ನೀರು ಸೀಳಿಕೊಂಡು ಭೀಮಸೇನ ಮೇಲೆ ಬಂದ. ಒಂದು ಕೈಯಲ್ಲಿ ಸನ್ಯಾಸಿಯ ಜಟೆಯಂಥ ಬೇರಿನ ಸಿಂಬಿ, ಇನ್ನೊಂದರಲ್ಲಿ ಚಾಕು. ಅವನ ಬೆನ್ನ ಹಿಂದೆಯೇ ಕೊಳವೆ ಗೊಳ್ ಎಂದು ಕೆಮ್ಮಿ, ಅಷ್ಟು ದಿನ ನುಂಗಿಟ್ಟುಕೊಂಡಿದ್ದ ಕೆಸರನ್ನೆಲ್ಲ ನೇರ ನಂದೀಶನ ರೇಷ್ಮೆ ಜುಬ್ಬಾದ ಮೇಲೆ ಉಗಿಯಿತು. ಭಾವೀ ಮಾವನಿಗೆ ತೋರಿಸಲೆಂದೇ ಹೊಲಿಸಿದ ಜುಬ್ಬಾ. ಆದರೆ ನಂದೀಶ ಜುಬ್ಬಾ ನೋಡಿಕೊಳ್ಳಲಿಲ್ಲ, ಭೀಮಸೇನನ ಬಾಯಿ ನೋಡುತ್ತಿದ್ದ.

“ಇದನ್ನ ಯಾರು ಮಾಡಿದ್ರೋ ನನಗ ಗೊತ್ತಿಲ್ರೀ,” ಎಂದ ಭೀಮಸೇನ, ಅಲಗನ್ನು ತೊಡೆಗೆ ಒರೆಸುತ್ತ. “ಆದ್ರ ಮುಳುಗೋ ಮನಷ್ಯಾ ಕುಂತು ವಿಚಾರ ಮಾಡಿ ಮಾಡಿಸ್ಯಾನ. ನೀರಾಗ ಹೊಡಿಯಾಕ ಬರಂಗಿಲ್ಲ, ಕೈ ತೇಲ್ತದ. ಅಲ್ಲಿ ಚೂಪಿಗಿಂತ ಹಲ್ಲು ಬೇಕು. ಕಣ್ಣು ಕಾಣಂಗಿಲ್ಲ, ಹಿಡಿ ಮುಟ್ಟಿದ್ರ ಅಲಗು ಯಾವ ಕಡೆ ಐತಿ ಅಂತ ಬೆರಳಿಗೇ ತಿಳೀಬೇಕು. ಇದ್ರಾಗ ತಿಳೀತೈತಿ. ಬಲ್ಯಾಗ ಕಾಲು ಸಿಕ್ಕೊಂಡಾಗ ನನ್ನ ಕೈಯಾಗ ಇಂಥಾದ್ದೊಂದಿತ್ತಂದ್ರ, ಒಬ್ಬ ಗೆಳೆಯಾ ಇದ್ದಂಗ ಆಗ್ತಿತ್ತು.”

ಚಾಕುವಿಗಿಂತ ಹೆಚ್ಚಾಗಿ ಅಷ್ಟು ಹೊತ್ತು ಉಸಿರು ಹಿಡಿದಿಟ್ಟ ಈ ಮನುಷ್ಯನನ್ನು ಎಲ್ಲರೂ ನೋಡುತ್ತಿದ್ದರು. ಸತ್ಯಮೂರ್ತಿಯವರು ಸಂಪಿಗೆ ಧುಮುಕುವ ನೀರಿನ ದಪ್ಪ ನೋಡಿ, ಚಾಕು ಅಸಲಿ ಎಂದು ತಾವು ಮೊದಲೇ ಹೇಳಿದ್ದಾಗಿ ಪ್ರಕಟಿಸಿದರು.

ಸಾಕ್ಷಿ ಸಿಕ್ಕಿತು. ಸಾಕ್ಷಿಯನ್ನೇ ವಿಜಯವಾಡಕ್ಕೆ ಕರೆದೊಯ್ಯುವುದೆಂದು ನಂದೀಶ ಯೋಜನೆ ಹಾಕಿದ. ದಸರೆಯಲ್ಲಿ ಇಂದ್ರಕೀಲಾದ್ರಿ ಬೆಟ್ಟ ಹತ್ತಿ ಕನಕದುರ್ಗಮ್ಮನವರ ದರ್ಶನ ಮಾಡಬೇಕೆಂದು ಭೀಮಸೇನನಿಗೂ ಇತ್ತು. ಬಟ್ಟೆ ಬದಲಿಸಲು ಮಹಡಿ ಹತ್ತುವಷ್ಟೂ ಹೊತ್ತಿರಲಿಲ್ಲ. ಭೀಮಸೇನ ಬನಿಯನ್ನಿನ ಮೇಲೆ ಟವೆಲ್ ಹೊದ್ದು ಹೊರಟ. ಅವನ ಅಂಗಿಯೊಳಗೆ ನಂದೀಶ ಹೊರಟ. ಆ ಅಂಗಿಯಲ್ಲಿ ನಂದೀಶ ಟೆಂಟ್ ಒಳಗೆ ನಿಲ್ಲಿಸಿದ ಕೋಲಿನಂತೆ ಕಾಣುತ್ತಿದ್ದ.

ರೈಲಿನಲ್ಲಿ ಭೀಮಸೇನನ ಬಾಯಿ ಬಿಚ್ಚಿತು. ಎದುರಿನ ಸೀಟಿನವರಿಗೆ ಪೇರಲಹಣ್ಣು ಕೊಯ್ದುಕೊಡಲು ಚಾಕು ತೆಗೆದ. ಕೊಯ್ದುಕೊಟ್ಟ ಮೇಲೆ ಅದರ ಗುಣಗಾನ ಮಾಡಿದ. ತುನಿ ದಾಟುವ ಹೊತ್ತಿಗೆ ಬೋಗಿಯವರೆಲ್ಲ ಸರದಿಯ ಮೇಲೆ ಚಾಕು ಮುಟ್ಟಿ ಹೋದರು. ರಾಜಮಂಡ್ರಿಯ ಹೊತ್ತಿಗೆ ಸುದ್ದಿ ಪಕ್ಕದ ಬೋಗಿಗೆ ಹೋಗಿ, ಅಲ್ಲಿ ನೌಕಾಪಡೆಯ ಕಮಾಂಡೊ ಒಬ್ಬ ದೊಡ್ಡ ಅಂಗಿ ತೊಟ್ಟು ಮಾರುವೇಷದಲ್ಲಿ ಹೊರಟಿದ್ದಾನೆ ಎಂದಾಯಿತು. ಏಲೂರಿನಲ್ಲಿ ಯಾರೋ ಪುಣ್ಯಾತ್ಮ, ಅದು ಕಮಾಂಡೊ ಅಲ್ಲ, ಬೇರೆ ಥರದವನು ಎಂದು ಪೊಲೀಸರಿಗೆ ಫೋನ್ ಹಚ್ಚಿದ.

ವಿಜಯವಾಡದಲ್ಲಿ ಇಳಿದಾಗ ದಸರೆಯ ಜನಜಂಗುಳಿಯ ನಡುವೆ ರಾಮ್‌ಪ್ರಸಾದ್ ಮಡಿಸಿದ ಕೊಡೆಯಂತೆ ನೆಟ್ಟಗೆ ನಿಂತಿದ್ದರು. ಅವರಿಗಿಂತ ಮುಂದೆ ನಿಂತಿದ್ದವರು ಎಸ್ಸೈ ದುರ್ಗಾಂಬ ಮತ್ತು ಇಬ್ಬರು ಕಾನ್‌ಸ್ಟೇಬಲ್‌ಗಳು. ಆಕೆ ಅಂಗಿಯನ್ನೊಮ್ಮೆ, ಅಂಗಿಯೊಳಗಿನ ಹುಡುಗನನ್ನೊಮ್ಮೆ ನೋಡಿ, ಚಾಕು ತೆಗೆಸಿದರು. ಚಾಕುವಿನ ಅಲಗಿಗೆ ಟೇಪು ಹಿಡಿಸಿದರು. ಆಮೇಲೆ ಶಾಂತವಾಗಿ, ತಮಗೂ ಬರುತ್ತಿದ್ದ ಕನ್ನಡದಲ್ಲಿ, ಕಾನೂನು ಹೇಳಿದರು.

“ಒಂಬತ್ತು ಇಂಚು ದಾಟಿದೆ. ಅಡುಗೆಗೋ ಹೊಲಕ್ಕೋ ಅಂತ ಮಾಡಿದ್ದಾದ್ರೆ ನನ್ನ ಅಭ್ಯಂತರ ಏನೂ ಇಲ್ಲ, ತಗೊಂಡು ಹೋಗಿ. ಹೊಡೆದಾಟಕ್ಕೆ, ಸೈನ್ಯಕ್ಕೆ ಅಂತ ಮಾಡಿದ್ದಾದ್ರೆ ಲೈಸೆನ್ಸ್ ಬೇಕು. ಇಲ್ಲದಿದ್ರೆ ಚಾಕೂನೂ ಹಿಡ್ಕೋಬೇಕು, ನಿಮ್ಮನ್ನೂ ಹಿಡ್ಕೋಬೇಕು. ಈಗ ನೀವೇ ಹೇಳಿ ಬಾಬು, ಇದನ್ನ ಯಾರಿಗೆ ಅಂತ ಮಾಡಿದ್ದು?”

ಪಾಪ, ಆಕೆ ಕೇಳಿದ ರೀತಿಯಲ್ಲೇ ತರಕಾರಿ ಅನ್ನು ಮಾರಾಯ ಎಂಬ ಸೂಚನೆ ಇತ್ತು. ನಂದೀಶನ ನಾಲಿಗೆಯ ಮೇಲೆ ಬದನೆಕಾಯಿ ಬಂದು ಕೂತಿತ್ತು. ಅಷ್ಟರಲ್ಲಿ ಆಕೆಯ ಭುಜದಾಚೆ ರಾಮ್‌ಪ್ರಸಾದ್ ಕಂಡರು. ಕಿವಿಯನ್ನು ಇತ್ತ ಚಾಚಿ, ಜಡ್ಜರ ಬಾಯಿಂದ ತೀರ್ಪು ಕೇಳುವ ಹಾಗೆ ಕಾದಿದ್ದರು. ಬದನೆಕಾಯಿ ಅಂದರೆ ಚಾಕು ಉಳಿಯುತ್ತದೆ, ಹಾರಿಕಾ ಹೋಗುತ್ತಾಳೆ. ಮುಳುಗುಗಾರರು ಅಂದರೆ ಚಾಕು ಹೋಗುತ್ತದೆ, ಹಾರಿಕಾ ಉಳಿಯುತ್ತಾಳೆ. ಜೀವನದಲ್ಲಿ ಮೊದಲ ಸಲ ನಂದೀಶ ಮಾತನ್ನು ಮಾತ್ರೆಯ ಹಾಗೆ ತೂಗಿದ.

“ಮೇಡಂ, ಇದು ಸೇನೆಯ ಡೈವರ್‌ಗಳಿಗೆ ಅಂತಲೇ ಮಾಡಿದ್ದು,” ಎಂದ, ಆ ಅಂಗಿಯೊಳಗೆ ಎಲ್ಲಿತ್ತೋ ಆ ಎದೆಯನ್ನು ಉಬ್ಬಿಸಿ.

“ಹೌದ್ರೀ ಬಾಯಾರ, ನಾನ ಸಾಕ್ಷಿ,” ಎಂದು ಭೀಮಸೇನ ಮುಂದೆ ಬಂದ. ನೌಕಾಪಡೆಯ ಸೇವೆ, ಸಂಪು, ಬೇರು, ಹಿಡಿ ಮುಟ್ಟಿದರೆ ಬೆರಳಿಗೆ ಸಿಗುವ ಗುರುತು, ಯಾವುದನ್ನೂ ಬಿಡದೆ ಹೇಳಿದ. ಕಾನ್‌ಸ್ಟೇಬಲ್‌ಗಳು ತಮಗೆ ತಿಳಿಯದಂತೆಯೇ ಅಟೆನ್ಶನ್‌ನಲ್ಲಿ ನಿಂತುಬಿಟ್ಟರು.

ರಾಮ್‌ಪ್ರಸಾದರ ಮುಖ ದೀಪ ಹಚ್ಚಿದ ಹಾಗಾಯಿತು. ಜೈಲಿಗೆ ಹೋಗುವುದಾದರೂ ಸರಿ, ಸತ್ಯ ಬಿಡದ ಹುಡುಗ. ಜೊತೆಗೆ ಇಷ್ಟು ಗಟ್ಟಿ ಸಾಕ್ಷಿಯನ್ನು ಅವರು ಕೋರ್ಟಿನಲ್ಲೂ ಕಂಡಿರಲಿಲ್ಲ. ಜನರನ್ನು ಸರಿಸಿಕೊಂಡು ಬಂದು ನಂದೀಶನ ಹೆಗಲ ಮೇಲೆ ಕೈಯಿಟ್ಟು, “ಅಸಲಿ,” ಎಂದರು. “ಮೇಡಂಗಾರು, ಇವನು ನಮ್ಮ ಅಲ್ಲುಡು. ಅಳಿಯ. ಇವತ್ತೇ ತಾಂಬೂಲ. ನೀವು ಚಾಕು ಹಿಡ್ಕೊಳ್ಳಿ, ನಾನು ಇವನಿಗೆ ಜಾಮೀನು ನಿಲ್ತೀನಿ.”

ನಂದೀಶನ ಕಣ್ಣಲ್ಲಿ ನೀರು ಬಂತು. ಆ ನೀರನ್ನು ದುರ್ಗಾಂಬ ನೋಡಿದರು. ಆಕೆಯೂ ಮನೆಯಲ್ಲಿ ಮದುವೆಗೆ ಬಂದ ಮಗಳನ್ನು ಇಟ್ಟುಕೊಂಡಾಕೆ. ವಿಜಯದಶಮಿಯ ದಿನ, ತಾಂಬೂಲಕ್ಕೆ ಬಂದ ಹುಡುಗನನ್ನು ಠಾಣೆಯಲ್ಲಿ ಕೂರಿಸಿದರೆ ಬೆಟ್ಟದ ಮೇಲಿನ ಅಮ್ಮ ಮೆಚ್ಚುವಳೇ? ಟೇಪನ್ನು ಸುತ್ತಿ ಕಾನ್‌ಸ್ಟೇಬಲ್ ಕೈಗೆ ಕೊಟ್ಟು, ಚಾಕುವನ್ನು ಕಾಗದದಲ್ಲಿ ಸುತ್ತಿ ನಂದೀಶನ ಕೈಗೆ ಕೊಟ್ಟರು.

“ನಾನು ನೋಡಿದೀನಿ. ಇದು ಅಡುಗೆಮನೆ ಚಾಕು,” ಎಂದು ನಕ್ಕರು. “ಹೋಗಿ ಬನ್ನಿ, ಒಳ್ಳೇದಾಗ್ಲಿ.”

ನಂದೀಶ ಕೈಮುಗಿದು ಆನಂದದಿಂದ ಭಾವೀ ಮಾವನ ಕಡೆ ತಿರುಗಿದ. ಹೆಗಲ ಮೇಲಿದ್ದ ಕೈ ಅಲ್ಲಿರಲಿಲ್ಲ.

“ಅಧಿಕಾರಿ ಸ್ಥಳದಲ್ಲೇ ಪರಿಶೀಲಿಸಿದ್ರು,” ಎಂದರು ರಾಮ್‌ಪ್ರಸಾದ್, ನಿಧಾನವಾಗಿ, ಒಂದೊಂದೇ ಪದ ಇಟ್ಟು. “ಅಸಲಿ ಆಗಿದ್ರೆ ಹಿಡ್ಕೊಳ್ಳಲೇಬೇಕಿತ್ತು. ವಾಪಸ್ ಕೊಟ್ರು. ಅಂದಮೇಲೆ ಕಾನೂನಿನ ಪ್ರಕಾರ ಇದು ತರಕಾರಿ ಚಾಕು ಬಾಬು.”

“ಮತ್ತ ನನ್ನ ಸಾಕ್ಷಿ?” ಎಂದ ಭೀಮಸೇನ.

“ನಿಮ್ಮ ಸಾಕ್ಷಿ ಕೇಳಿದ ಮೇಲೇ ಅಲ್ವಾ ಕೊಟ್ಟಿದ್ದು? ಅದು ವಜಾ ಆದಂಗೆ.”

ನಂದೀಶ ಜನರ ನಡುವೆ ನುಗ್ಗಿ ಎಸ್ಸೈ ಹಿಂದೆ ಓಡಿದ. ದಯವಿಟ್ಟು ತನ್ನನ್ನು ಹಿಡಿಯಿರಿ, ಚಾಕುವನ್ನಾದರೂ ಹಿಡಿಯಿರಿ ಎಂದು ಬೇಡಿಕೊಂಡ. ಸಂತೋಷ ಹೆಚ್ಚಾಗಿ ಹುಡುಗನಿಗೆ ತಲೆ ತಿರುಗಿದೆ ಎಂದುಕೊಂಡ ದುರ್ಗಾಂಬ, ಇನ್ನೊಮ್ಮೆ ಒಳ್ಳೆಯದಾಗಲಿ ಎಂದು ಹರಸಿ, ಜನಸಾಗರದಲ್ಲಿ ಮುಳುಗಿಹೋದರು.

ತಿರುಗಿ ಬಂದಾಗ ರಾಮ್‌ಪ್ರಸಾದ್ ಆಟೋ ನಿಲ್ಲಿಸಿಕೊಂಡು ಕಾದಿದ್ದರು. ತೀರ್ಪು ಬೇರೆ, ಮರ್ಯಾದೆ ಬೇರೆ ಎಂದು ತಿಳಿದ ಮನುಷ್ಯ.

“ತಾಂಬೂಲ ಇಲ್ಲ ಅಂತ ಊಟ ಬಿಡೋಕಾಗುತ್ತಾ? ಬನ್ನಿ ಇಬ್ಬರೂ,” ಎಂದು ಅವರು ಆಟೋದೊಳಗೆ ಜಾಗ ಸರಿಸಿದರು. “ಹೆಂಗೂ ಚಾಕು ತಂದಿದೀಯ. ನಮ್ಮ ಜಲಜ ದೊಡ್ಡದೊಂದು ಬೂದುಗುಂಬಳಕಾಯಿ ಇಟ್ಕೊಂಡು ಹೆಚ್ಚೋರಿಲ್ಲ ಅಂತ ಕೂತಿದಾಳೆ.”